ದೂರಸಂಪರ್ಕದ ಮಾನದಂಡಗಳೂ ನಮ್ಮ ವಿಶ್ವವಿದ್ಯಾಲಯಗಳೂ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಪೋಕ್ಲಿನ ಮನೆಯೊಂದರಿಂದ ತಾಯಿ ದುಬೈಯಲ್ಲಿರುವ ಮಗಳಿಗೆ ಫೋನು ಮಾಡುತ್ತಾರೆ ಎನ್ನಿ. ಕೈಯಲ್ಲಿರುವ ಫೋನು ಒಂದು ದೇಶದಲ್ಲಿ ತಯಾರಾದದ್ದು, ಗುಡ್ಡದ ಮೇಲಿನ ಟವರಿನ ಉಪಕರಣ ಇನ್ನೊಂದು ದೇಶದ್ದು, ಸಮುದ್ರದಡಿಯ ಕೇಬಲ್ಲು ಮತ್ಯಾರದೋ, ಆ ಕಡೆಯ ಜಾಲ ಬೇರೆಯದೇ ಸರ್ಕಾರದ ಕಾನೂನಿಗೆ ಒಳಪಟ್ಟದ್ದು. ಆದರೂ ಕರೆ ಹೋಗಿ ಮುಟ್ಟುತ್ತದೆ. ನಮ್ಮ ಸಂಖ್ಯೆಗಳ ಮುಂದೆ 91 ಬರಬೇಕೆಂಬುದೂ, ದೇಶದ ಸಂಕೇತ ಸೇರಿ ಯಾವ ದೂರವಾಣಿ ಸಂಖ್ಯೆಯೂ 15 ಅಂಕಿಗಳನ್ನು ಮೀರಬಾರದೆಂಬುದೂ ಇ.164 ಎಂಬ ದಾಖಲೆಯ ಏರ್ಪಾಡು. ಗ್ರಾಮ ಪಂಚಾಯಿತಿ ಕಚೇರಿಯವರೆಗೆ ಬಂದಿರುವ ಆಪ್ಟಿಕಲ್ ಫೈಬರ್ ಹೇಗಿರಬೇಕೆಂಬುದನ್ನು ಜಿ.652 ಎಂಬ ಇನ್ನೊಂದು ದಾಖಲೆ ಹೇಳುತ್ತದೆ. ಇವನ್ನು ಯಾರೂ ದಿನನಿತ್ಯ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಆದರೆ ಇವನ್ನು ಬರೆಯುವವರು ಯಾರು, ಬರೆಯುವಾಗ ಅವರ ಕಣ್ಣ ಮುಂದೆ ಯಾವ ನೆಲ ಇರುತ್ತದೆ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು ಕೇಳಿಕೊಳ್ಳಬೇಕೆಂಬುದು ಇಂದಿನ ನನ್ನ ಮಾತಿನ ವಿಷಯ.

1865ರ ಮೇ 17ರಂದು 20 ದೇಶಗಳು ಪ್ಯಾರಿಸ್ಸಿನಲ್ಲಿ ಸಹಿ ಹಾಕಿ ಸ್ಥಾಪಿಸಿದ ತಂತಿ ಸಂಚಾರ ಒಕ್ಕೂಟವೇ ಇಂದು ಜಿನೀವಾದಲ್ಲಿ ನೆಲೆಸಿರುವ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು. ಭಾರತ ಅದರಲ್ಲಿ 1869ರಿಂದಲೂ ಇದೆ. ಅದರ ಮಾನದಂಡ ವಿಭಾಗದ ದಾರಿಯನ್ನು ನಿರ್ಧರಿಸುವ, ನಾಲ್ಕು ವರ್ಷಕ್ಕೊಮ್ಮೆ ಸೇರುವ ಮಹಾಸಭೆ 2024ರ ಅಕ್ಟೋಬರಿನಲ್ಲಿ ನಮ್ಮ ದೆಹಲಿಯಲ್ಲೇ ನಡೆಯಿತು. ಇಲ್ಲಿ ಸಾಮಾನ್ಯವಾಗಿ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಒಮ್ಮತ ಬರುವವರೆಗೆ ಚರ್ಚೆ ಸಾಗುತ್ತದೆ. ಚರ್ಚೆಗೆ ಬರುವುದು ಲಿಖಿತ ಪ್ರಸ್ತಾವಗಳು ಮಾತ್ರ. ಯಾರ ಪ್ರಸ್ತಾವ ಮೇಜಿನ ಮೇಲಿದೆಯೋ ಅವರ ಮಾತು ನಡೆಯುತ್ತದೆ, ಯಾರದು ಇಲ್ಲವೋ ಅವರ ಊರಿನ ಕಷ್ಟ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಸಂಸ್ಥೆ ನಡೆಯುವ ರೀತಿಯೇ ಹಾಗೆ.

ಇದಕ್ಕೆ ನಮ್ಮ ಕೊಡಗು ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ಆಗಲೇ ಹೇಳಿದ ಇ.164, ಜಿ.652ರಂಥ ತನ್ನ ಮಾನದಂಡದ ದಾಖಲೆಗಳನ್ನು ಐಟಿಯು ಶಿಫಾರಸು ಎಂದು ಕರೆಯುತ್ತದೆ. ಅದರ ರೇಡಿಯೊ ವಿಭಾಗದಲ್ಲಿ ಪಿ.833 ಎಂಬ ಶಿಫಾರಸು ಇದೆ. ಮರಗಿಡಗಳ ನಡುವೆ ಹಾದುಹೋಗುವ ರೇಡಿಯೊ ಅಲೆ ಎಷ್ಟು ಕ್ಷೀಣಿಸುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಅದರಲ್ಲಿದ್ದು, ಟವರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಜಿಸುವವರು ಇಂಥ ವಿಧಾನಗಳನ್ನೇ ನೆಚ್ಚುತ್ತಾರೆ. ಅದರ ಕೋಷ್ಟಕಗಳಲ್ಲಿ ಜಪಾನಿನ ಚೆರ್ರಿ, ಗಿಂಕ್ಗೊ, ಲಂಡನ್ ಪ್ಲೇನ್‌ನಂಥ ಮರಗಳ ಅಳತೆಗಳಿವೆ. ಹಲವು ಮರಗಳಿಗೆ ಎಲೆ ಇರುವಾಗ ಎಷ್ಟು, ಎಲೆ ಉದುರಿದಾಗ ಎಷ್ಟು ಎಂದು ಬೇರೆಬೇರೆ ಅಂಕಿಗಳಿವೆ. ಚಳಿಗಾಲದಲ್ಲಿ ಮರವೆಲ್ಲ ಬೋಳಾಗುವ ದೇಶದವರಿಗೆ ಇದು ಸಹಜವಾದ ವಿಂಗಡಣೆ. ಕಾಫಿ ತೋಟದ ಋತುಗಳು ಹಾಗಲ್ಲ. ಇಲ್ಲಿ ಸಿಲ್ವರ್ ಓಕಿಗೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ, ಪಕ್ಕದಲ್ಲಿ ಹಲಸು, ಅತ್ತಿ, ನಂದಿ, ಕೆಳಗೆ ಆಳೆತ್ತರದ ಕಾಫಿ ಗಿಡ. ಮರ ಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಆಗುವ ಮೊದಲು ಒಂದು ಸ್ಥಿತಿ, ಆದ ಮೇಲೆ ಇನ್ನೊಂದು ಸ್ಥಿತಿ. ಬೇಸಿಗೆಯ ಒಣ ಎಲೆಯ ದಪ್ಪ ಹೊದಿಕೆ ಒಂದು, ಮಳೆಗಾಲದ ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ತೊಟ್ಟಿಕ್ಕುತ್ತಲೇ ಇರುವ ಅದೇ ಹೊದಿಕೆ ಇನ್ನೊಂದು. ನೀರು ಹಿಡಿದ ಎಲೆ ರೇಡಿಯೊ ಅಲೆಯನ್ನು ಹೆಚ್ಚು ಹೀರುತ್ತದೆ. ಲೈನ್ ಮನೆಯಲ್ಲಿರುವ ಕಾರ್ಮಿಕರು ಫೋನು ಹಿಡಿದು ಬಾಣೆಯ, ಅಂದರೆ ಎತ್ತರದ ಗುಡ್ಡದ ಜಾಗದ, ಮೇಲಕ್ಕೆ ಹತ್ತುವುದು ಏಕೆಂದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿರುವ ಸಂಗತಿ ಅಳತೆಯ ರೂಪದಲ್ಲಿ ಬಾರದಿದ್ದರೆ ಜಿನೀವಾದಲ್ಲಿ ಅದಕ್ಕೆ ಬೆಲೆಯಿಲ್ಲ.

ಅಳೆಯುವುದು ಅಸಾಧ್ಯವಾದ ಕೆಲಸವೇನಲ್ಲ. ತಿಳಿದ ಶಕ್ತಿಯ ಸಂಕೇತವನ್ನು ಒಂದು ತುದಿಯಿಂದ ಕಳುಹಿಸಬೇಕು, ಮೊದಲು ಬಯಲಿನ ಗದ್ದೆಯ ಆಚೆ, ಆಮೇಲೆ ಅಷ್ಟೇ ದೂರದಲ್ಲಿ ತೋಟದ ಒಳಗೆ, ಅದೇ ಗ್ರಾಹಕದಿಂದ ಅದನ್ನು ಅಳೆಯಬೇಕು. ಎರಡರ ವ್ಯತ್ಯಾಸವೇ ಮರಗಳು ನುಂಗಿದ ಪಾಲು. ವ್ಯತ್ಯಾಸ 3 ಡೆಸಿಬೆಲ್ ಆದರೆ ಅರ್ಧ ಶಕ್ತಿ ಹೋಯಿತು, 10 ಆದರೆ ಹತ್ತರಲ್ಲೊಂದು ಪಾಲು ಉಳಿಯಿತು, 20 ಆದರೆ ನೂರರಲ್ಲೊಂದು. 865ರಿಂದ 868 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಲು ಭಾರತದಲ್ಲಿ ಅವಕಾಶವಿರುವುದರಿಂದ, ಕುಶಾಲನಗರದ ಅಥವಾ ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕೂಡ ಇದನ್ನು ಆರಂಭಿಸಬಹುದು. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವೂ ಇದೆ. ಮರದ ಜಾತಿ, ಎತ್ತರ, ಎಲೆಯ ಸಾಂದ್ರತೆಯನ್ನು ಸರಿಯಾಗಿ ದಾಖಲಿಸಬಲ್ಲವರು ಅಲ್ಲಿಯವರೇ ಹೊರತು ಎಲೆಕ್ಟ್ರಾನಿಕ್ಸ್ ವಿಭಾಗದವರಲ್ಲ. ಇಬ್ಬರೂ ಒಟ್ಟಿಗೆ ತೋಟಕ್ಕೆ ಇಳಿದರೆ ಮಾತ್ರ ಅಂಕಿ ನಂಬುವಂತಾಗುತ್ತದೆ. ಕಷ್ಟವಿರುವುದು ಬೇರೆ ಕಡೆ: ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ, ಮಳೆಯಲ್ಲಿ ನೆನೆದುಕೊಂಡು, ಒಂದೆರಡು ವರ್ಷ ಬಿಡದೆ ಅಳೆಯುವ ತಾಳ್ಮೆಯಲ್ಲಿ. ಕಂಪನಿಗಳಿಗೆ ಆ ತಾಳ್ಮೆ ಇರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಇರಬೇಕು.

ಮಳೆಯ ಲೆಕ್ಕವೂ ಹೀಗೆಯೇ. ಒಂದು ಟವರಿನಿಂದ ಇನ್ನೊಂದಕ್ಕೆ ಮೈಕ್ರೋವೇವ್ ಸಂಪರ್ಕ ಕೊಡುವಾಗ, ವರ್ಷದ ಶೇಕಡಾ 0.01ರಷ್ಟು ಕಾಲ, ಅಂದರೆ ಒಟ್ಟು ಸುಮಾರು 53 ನಿಮಿಷ, ಆ ಸ್ಥಳದಲ್ಲಿ ಯಾವ ತೀವ್ರತೆಯನ್ನು ಮಳೆ ಮೀರುತ್ತದೆ ಎಂಬ ಅಂಕಿ ಬೇಕಾಗುತ್ತದೆ, ಅದಕ್ಕೆ ಪಿ.837 ಎಂಬ ಶಿಫಾರಸಿನ ನಕ್ಷೆ ಇದೆ. ಕೊಡಗಿನ ಬೆಳೆಗಾರರ ಮನೆಗಳಲ್ಲಿ ಮಳೆ ಮಾಪಕವಿಟ್ಟು ತಲೆಮಾರುಗಳಿಂದ ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುವ ರೂಢಿಯಿದೆ, ಅದು ನಿಜಕ್ಕೂ ದೊಡ್ಡ ಆಸ್ತಿ. ಆದರೆ ಬೆಳಿಗ್ಗೆಯಿಂದ ಬೆಳಿಗ್ಗೆಯವರೆಗಿನ ಮೊತ್ತದಿಂದ ಈ ಕೆಲಸ ಆಗುವುದಿಲ್ಲ. ಇಲ್ಲಿ ಬೇಕಾದದ್ದು ನಿಮಿಷ ನಿಮಿಷದ ತೀವ್ರತೆ. ಭಾಗಮಂಡಲದಲ್ಲಿ ಇಡೀ ದಿನ ಸಮನಾಗಿ ಸುರಿದ ಐದು ಇಂಚಿಗೂ, ಕುಶಾಲನಗರದ ಕಡೆ ಏಪ್ರಿಲಿನ ಗುಡುಗಿನಲ್ಲಿ ಅರ್ಧ ಗಂಟೆ ಹೊಡೆದ ಒಂದೂವರೆ ಇಂಚಿಗೂ ಸಂಪರ್ಕ ಕಡಿಯುವ ವಿಷಯದಲ್ಲಿ ಅಜಗಜಾಂತರವಿದೆ, ಹೆಚ್ಚು ತೊಂದರೆ ಕೊಡುವುದು ಎರಡನೆಯದೇ.

ಭಾರತದ ಸಂಶೋಧಕರು ಇಂಥ ಕೆಲಸ ಮಾಡಿ ಗೆದ್ದ ಉದಾಹರಣೆಯೂ ಇದೆ. ಐದನೇ ತಲೆಮಾರಿನ ಮೊಬೈಲ್ ತಂತ್ರಜ್ಞಾನದಿಂದ ಏನನ್ನು ನಿರೀಕ್ಷಿಸಬೇಕೆಂದು ಐಟಿಯು ಪಟ್ಟಿ ಮಾಡುತ್ತಿದ್ದಾಗ, ನಮ್ಮ ಹಳ್ಳಿಗಳಲ್ಲಿ ಜನ ವೇಗವಾಗಿ ಓಡಾಡುವುದಿಲ್ಲ, ಫೈಬರು ಪಂಚಾಯಿತಿ ಕೇಂದ್ರದವರೆಗೆ ಮಾತ್ರ ಇದೆ, ಆದ್ದರಿಂದ ಅಲ್ಲಿ ನಿಲ್ಲಿಸಿದ ಒಂದು ಟವರು ಸುತ್ತಲಿನ ಹಳ್ಳಿಗಳನ್ನೂ ಮುಟ್ಟಬೇಕು ಎಂಬ ವಾದವನ್ನು ಭಾರತದ ಕಡೆಯವರು ಮಂಡಿಸಿದರು. ಅದರ ಫಲವಾಗಿ ಟವರುಗಳ ನಡುವೆ 6 ಕಿಲೋಮೀಟರ್ ಅಂತರವಿರುವ ಗ್ರಾಮೀಣ ಸನ್ನಿವೇಶವೊಂದು 2017ರಲ್ಲಿ ಪರೀಕ್ಷೆಯ ಪಟ್ಟಿಗೆ ಸೇರಿತು. ಮದ್ರಾಸ್ ಐಐಟಿ, ಹೈದರಾಬಾದ್ ಐಐಟಿ ಮುಂತಾದ ಸಂಸ್ಥೆಗಳ ಸಂಶೋಧಕರ ಕೆಲಸದಿಂದ ರೂಪುಗೊಂಡ 5ಜಿಐ ಎಂಬ ತಂತ್ರಜ್ಞಾನ 2021ರಲ್ಲಿ ಐಟಿಯುವಿನ ಎಂ.2150 ಶಿಫಾರಸಿನಲ್ಲಿ ಸ್ಥಾನ ಪಡೆಯಿತು. ಮುಂದೆ ಅದು, ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಎಂಬ ಅಂತಾರಾಷ್ಟ್ರೀಯ ಒಕ್ಕೂಟದ, ಜಗತ್ತೆಲ್ಲ ಬಳಸುವ ಮಾನದಂಡದ 17ನೇ ಆವೃತ್ತಿಯೊಂದಿಗೆ ವಿಲೀನಗೊಂಡಿತು. ಪ್ರತ್ಯೇಕ ಮಾನದಂಡದಿಂದ ಉಪಕರಣಗಳ ಬೆಲೆ ಏರುತ್ತದೆಂಬ ಆಕ್ಷೇಪ ಉದ್ಯಮದ ಕಡೆಯಿಂದ ಬಂದಿತ್ತು, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನನ್ನ ದೃಷ್ಟಿಯಲ್ಲಿ 5ಜಿಐ ಎಂಬ ಹೆಸರು ಉಳಿಯಿತೇ ಇಲ್ಲವೇ ಎಂಬುದು ಮುಖ್ಯ ಪ್ರಶ್ನೆಯಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಆ 6 ಕಿಲೋಮೀಟರಿನ ಸಾಲು ಸೇರಿದ್ದೇ ದೊಡ್ಡ ಗೆಲುವು, ಏಕೆಂದರೆ ಅಲ್ಲಿಂದ ಮುಂದೆ ಯಾವ ದೇಶದ ತಂತ್ರಜ್ಞಾನವಾದರೂ ನಮ್ಮಂಥ ಹಳ್ಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಉತ್ತರ ಹೇಳಲೇಬೇಕಾಯಿತು.

ಪ್ರಬಂಧ ಪ್ರಕಟಿಸಿದರೆ ಸಾಲದೇ, ಒಳ್ಳೆಯದಾಗಿದ್ದರೆ ಜಗತ್ತು ತಾನೇ ಎತ್ತಿಕೊಳ್ಳುತ್ತದಲ್ಲ ಎಂದು ಅಧ್ಯಾಪಕ ಮಿತ್ರರು ಕೇಳುವುದುಂಟು. ಎತ್ತಿಕೊಳ್ಳುತ್ತದೆ, ಆದರೆ ತನಗೆ ಬೇಕಾದಾಗ. ದತ್ತಾಂಶದಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಒಂದು ಸಂಕೇತವಿಧಾನವನ್ನು ರಾಬರ್ಟ್ ಗ್ಯಾಲಗರ್ ಎಂಬವರು ಅಮೆರಿಕದ ಎಂಐಟಿಯಲ್ಲಿ 1960ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಬರೆದರು. ದಶಕಗಳ ಕಾಲ ಅದನ್ನು ಕೇಳುವವರು ಕಡಿಮೆ. ಟರ್ಕಿಯ ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದ ಎರ್ದಾಲ್ ಆರಿಕನ್ ಅವರು ಧ್ರುವೀಯ ಸಂಕೇತ ಎಂಬ ಇನ್ನೊಂದು ವಿಧಾನವನ್ನು 2009ರಲ್ಲಿ ಪ್ರಕಟಿಸಿದರು. 2016ರ ಹೊತ್ತಿಗೆ ಅದು 5ಜಿಯಲ್ಲಿ ಫೋನೂ ಟವರೂ ಸೂಚನೆ ಕೊಟ್ಟುಕೊಳ್ಳುವ ನಿಯಂತ್ರಣ ವಾಹಿನಿಗೆ ಆಯ್ಕೆಯಾಗಿತ್ತು, ಬಳಕೆದಾರರ ದತ್ತಾಂಶ ಸಾಗುವ ಮಾಹಿತಿ ವಾಹಿನಿಗೆ ಗ್ಯಾಲಗರ್ ಅವರ ವಿಧಾನ ಬಂತು. ಧ್ರುವೀಯ ಸಂಕೇತ ಏಳೇ ವರ್ಷದಲ್ಲಿ ಅಲ್ಲಿಗೆ ಮುಟ್ಟಿದ್ದು ಅದರ ಗಣಿತದ ಚೆಲುವಿನಿಂದಷ್ಟೇ ಅಲ್ಲ. ಮಾನದಂಡದ ಸಭೆಗಳಲ್ಲಿ ಪಟ್ಟು ಹಿಡಿದು ಅದರ ಪರವಾಗಿ ವಾದಿಸಿದ ದೊಡ್ಡ ಕಂಪನಿಗಳು ಇದ್ದವು. ವಿಶ್ವವಿದ್ಯಾಲಯದವರು ತಾವೇ ಆ ಕೊಠಡಿಯಲ್ಲಿ ಕುಳಿತಿರದಿದ್ದರೆ, ತಮ್ಮ ಕೆಲಸ ಯಾವಾಗ, ಯಾರ ಅನುಕೂಲಕ್ಕೆ ತಕ್ಕಂತೆ ಒಳಗೆ ಹೋಗಬೇಕೆಂಬುದನ್ನು ಬೇರೆಯವರು ನಿರ್ಧರಿಸುತ್ತಾರೆ.

ಹಾಗಾದರೆ ಒಳಗೆ ಹೋಗುವ ದಾರಿ ಯಾವುದು? ಹಲವು ಇವೆ. ಐಟಿಯು 2011ರಿಂದ ವಿಶ್ವವಿದ್ಯಾಲಯಗಳಿಗೆಂದೇ ಪ್ರತ್ಯೇಕ ಸದಸ್ಯತ್ವ ತೆರೆದಿದೆ, ಅಭಿವೃದ್ಧಿಶೀಲ ದೇಶಗಳ ಸಂಸ್ಥೆಗಳಿಗೆ ಅದರ ಶುಲ್ಕ ಕಡಿಮೆ. ಅದೂ ಆಗದಿದ್ದರೆ, ನಮ್ಮ ದೂರಸಂಪರ್ಕ ಇಲಾಖೆಯ ಟೆಕ್ ಎಂಬ ಎಂಜಿನಿಯರಿಂಗ್ ಕೇಂದ್ರ ನಡೆಸುವ ರಾಷ್ಟ್ರೀಯ ಕಾರ್ಯತಂಡಗಳಿವೆ. ಐಟಿಯುವಿನ ಅಧ್ಯಯನ ತಂಡಗಳಿಗೆ ಸರಿಸಾಟಿಯಾಗಿ ಇಲ್ಲಿ ಚರ್ಚೆ ನಡೆದು, ಒಪ್ಪಿಗೆಯಾದ ಪ್ರಸ್ತಾವಗಳು ಭಾರತದ ಹೆಸರಿನಲ್ಲಿ ಹೋಗುತ್ತವೆ. ಮೊಬೈಲ್ ಜಾಲಗಳ ವಿಷಯದಲ್ಲಿ, 3ಜಿಪಿಪಿಯ ಏಳು ಪಾಲುದಾರ ಸಂಸ್ಥೆಗಳಲ್ಲಿ ಒಂದಾದ, ದೂರಸಂಪರ್ಕದ ಮಾನದಂಡ ರೂಪಿಸುವ ಭಾರತದ ಟಿಎಸ್‌ಡಿಎಸ್‌ಐ ಸಂಸ್ಥೆ ಇದೆ. ನಿರ್ದಿಷ್ಟ ವಿಷಯವೊಂದನ್ನು ಅಧ್ಯಯನ ಮಾಡಲು ಐಟಿಯು ಆಗಾಗ ರಚಿಸುವ ಫೋಕಸ್ ಗ್ರೂಪ್‌ಗಳಿಗೆ ಸದಸ್ಯರಲ್ಲದವರೂ ಶುಲ್ಕವಿಲ್ಲದೆ ಸೇರಬಹುದು. ಇಂಟರ್ನೆಟ್ಟಿನ ಮಾನದಂಡ ರೂಪಿಸುವ ಐಇಟಿಎಫ್‌ನಲ್ಲಿಯಂತೂ ಸದಸ್ಯತ್ವವೆಂಬುದೇ ಇಲ್ಲ. ಇಮೇಲ್ ಪಟ್ಟಿಗೆ ಸೇರಿಕೊಂಡು ತರ್ಕಬದ್ಧವಾಗಿ ಬರೆಯಬಲ್ಲ ಯಾರಾದರೂ ಪಾಲುದಾರರೇ.

ಮೊದಲ ಹೆಜ್ಜೆ ದೊಡ್ಡದಾಗಿರಬೇಕಿಲ್ಲ. ಐಟಿಯುವಿನ ಹೆಚ್ಚಿನ ಶಿಫಾರಸುಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ತಮ್ಮ ವಿಷಯಕ್ಕೆ ಸೇರಿದ ಒಂದನ್ನು ಕೂತು ಪೂರ್ತಿ ಓದಿ, ಅದರ ಯಾವ ಸೂತ್ರ ನಮ್ಮ ನೆಲಕ್ಕೆ ಹೊಂದುವುದಿಲ್ಲವೆಂದು ಎರಡು ಪುಟದಲ್ಲಿ ಅಂಕಿಸಹಿತ ಬರೆದರೆ ಅದೇ ಒಂದು ಪ್ರಸ್ತಾವ. ಮಾನದಂಡ ವಿಭಾಗದಲ್ಲಿ ಸಭೆಗೆ 12 ದಿನ ಮುಂಚೆ ಅದು ತಲುಪಿರಬೇಕು. ಸಭೆಗಳು ನೀರಸವಾಗಿರುತ್ತವೆ ಎಂಬುದನ್ನೂ ಮುಚ್ಚಿಡಬಾರದು. ಒಂದು ವಾಕ್ಯದಲ್ಲಿ ‘ಮಾಡತಕ್ಕದ್ದು’ ಇರಬೇಕೋ ‘ಮಾಡಬಹುದು’ ಸಾಕೋ ಎಂದು ಅರ್ಧ ದಿನ ಕಳೆಯುವುದುಂಟು. ಆದರೆ ಅದೇ ಒಂದು ಪದದ ಮೇಲೆ ಕೋಟ್ಯಂತರ ಉಪಕರಣಗಳು ಒಂದು ಸೌಲಭ್ಯವನ್ನು ಕಡ್ಡಾಯವಾಗಿ ಹೊಂದಿರುತ್ತವೆಯೇ ಇಲ್ಲವೇ ಎಂಬುದು ನಿಂತಿರುತ್ತದೆ. ಹೊಸ ಆವಿಷ್ಕಾರವಿದ್ದರೆ ಪ್ರಸ್ತಾವ ಸಲ್ಲಿಸುವ ಮೊದಲೇ ಪೇಟೆಂಟ್ ಅರ್ಜಿ ಹಾಕಿರಬೇಕು, ಬಹಿರಂಗವಾದ ಮೇಲೆ ಹೊಸತನದ ಹಕ್ಕು ಉಳಿಯುವುದು ಕಷ್ಟ. 2021ರ ನಿಯಮ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇಕಡಾ 80ರಷ್ಟು ರಿಯಾಯಿತಿಯೂ ಇದೆ.

ಇಲ್ಲಿ ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಒಂದು ಮಾತು ಹೇಳಲೇಬೇಕು. ನಿಯತಕಾಲಿಕದಲ್ಲಿ ಬಂದ ಪ್ರಬಂಧಕ್ಕೆ ಅಂಕವಿದೆ; ಜಗತ್ತಿನ ಟವರುಗಳೆಲ್ಲ ಅನುಸರಿಸುವ ಶಿಫಾರಸಿನ ಒಂದು ಅನುಬಂಧವನ್ನು ಬರೆದವರಿಗೆ ಬಡ್ತಿಯ ಅರ್ಜಿಯಲ್ಲಿ ಅದನ್ನು ತುಂಬಿಸಲು ಅಂಕಣವೇ ಸಿಗುವುದಿಲ್ಲ ಎಂಬಂಥ ಸ್ಥಿತಿ ಹಲವೆಡೆ ಇದೆ. ಒಪ್ಪಿಗೆ ಪಡೆದ ಪ್ರಸ್ತಾವವನ್ನು ಪ್ರಬಂಧಕ್ಕೆ ಸಮನಾಗಿ ಎಣಿಸುವ, ಸಂಶೋಧನಾ ವಿದ್ಯಾರ್ಥಿ ವರ್ಷಕ್ಕೆ ಒಂದಾದರೂ ಸಭೆಗೆ ಹೋಗಿಬರಲು ಹಣ ತೆಗೆದಿಡುವ ನಿರ್ಧಾರವನ್ನು ಯಾವ ವಿಶ್ವವಿದ್ಯಾಲಯವಾದರೂ ತಾನೇ ಕೈಗೊಳ್ಳಬಹುದು, ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕೊಡಗಿಗೆ ಹತ್ತಿರವಾದ ಇನ್ನೊಂದು ಕ್ಷೇತ್ರವೆಂದರೆ ವಿಪತ್ತಿನ ಎಚ್ಚರಿಕೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ರಸ್ತೆ, ವಿದ್ಯುತ್ತುಗಳ ಜೊತೆಗೆ ಫೋನೂ ಕೈಕೊಟ್ಟ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಎಚ್ಚರಿಕೆಯ ಸಂದೇಶ ಎಲ್ಲ ಮಾಧ್ಯಮಗಳಿಗೂ ಒಂದೇ ರೂಪದಲ್ಲಿ ಹೋಗಬೇಕೆಂಬ ಮಾನದಂಡವನ್ನು ಐಟಿಯು 2007ರಲ್ಲಿ ಎಕ್ಸ್.1303 ಎಂದು ಅಂಗೀಕರಿಸಿತು. ನಮ್ಮ ದೇಶದ ಸಚೇತ್ ವ್ಯವಸ್ಥೆ ಆ ರೂಪವನ್ನೇ ಬಳಸುತ್ತದೆ. ಆದರೆ ಗುಡ್ಡದ ಒಂದು ಮಗ್ಗುಲಿಗೆ ಅಪಾಯವಿದ್ದು ಇನ್ನೊಂದು ಮಗ್ಗುಲಿಗೆ ಇಲ್ಲದಿರುವಾಗ ಟವರಿನ ವ್ಯಾಪ್ತಿಯನ್ನು ಹೇಗೆ ಗುರುತಿಸಬೇಕು, ವಿದ್ಯುತ್ತು ಹೋಗಿ ಬ್ಯಾಟರಿಯ ಮೇಲೆ ನಿಂತ ಟವರು ಯಾವ ಸಂದೇಶಕ್ಕೆ ಮೊದಲ ಆದ್ಯತೆ ಕೊಡಬೇಕು ಎಂಬಂಥ ಪ್ರಶ್ನೆಗಳು ಮಲೆನಾಡಿನವರ ತಲೆಗೆ ಹೊಳೆಯುವಷ್ಟು ಸಹಜವಾಗಿ ಬಯಲುಸೀಮೆಯವರ ತಲೆಗೆ ಹೊಳೆಯಲಾರವು.

ಆರನೇ ತಲೆಮಾರಿನ ಮೊಬೈಲ್ ತಂತ್ರಜ್ಞಾನದ ಚೌಕಟ್ಟನ್ನು ಐಟಿಯು 2023ರ ನವೆಂಬರಿನಲ್ಲಿ ಎಂ.2160 ಎಂಬ ಶಿಫಾರಸಿನಲ್ಲಿ ಪ್ರಕಟಿಸಿದೆ, ಅದು ಹೇಳುವ ಆರು ಬಳಕೆಯ ಸನ್ನಿವೇಶಗಳಲ್ಲಿ ಎಲ್ಲೆಡೆಯೂ ಸಂಪರ್ಕ ಎಂಬುದೂ ಒಂದು. ತಂತ್ರಜ್ಞಾನಗಳ ಪ್ರಸ್ತಾವಗಳಿಗೆ 2027ರಿಂದ 2029ರ ಆರಂಭದವರೆಗೆ ಅವಕಾಶವಿದ್ದು, ಅಂತಿಮ ವಿವರಗಳು 2030ರ ಹೊತ್ತಿಗೆ ಸಿದ್ಧವಾಗಬೇಕೆಂದು ವೇಳಾಪಟ್ಟಿ ಹೇಳುತ್ತದೆ. ಪಿಎಚ್‌ಡಿಯೊಂದರ ಅವಧಿಗಿಂತ ಇದು ಹೆಚ್ಚೇನೂ ಅಲ್ಲ. ತೋಟದೊಳಗಿನ ಅಳತೆಯನ್ನು ಆ ಚರ್ಚೆಗೆ ತಲುಪಿಸಬೇಕೆನ್ನುವವರು ಮುಂದಿನ ಮುಂಗಾರು ಹಿಡಿಯುವ ಮೊದಲೇ ಉಪಕರಣ ಜೋಡಿಸಿ, ತೋಟದ ಮಾಲೀಕರ ಅನುಮತಿ ಪಡೆದು, ಕಪಾತಿಗೆ ಮುಂಚಿನ ಒಂದು ಸುತ್ತು ಅಳತೆಯನ್ನು ಮುಗಿಸಿಕೊಂಡಿರಬೇಕು.

ನಮಸ್ಕಾರ.