ಬಿಚ್ಚುತ್ತಾ ಹೋದರೆ ಸೈಕಲ್ ಹಗುರ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ? ಫ್ಯಾನಿನ ಸದ್ದು ಜಾಸ್ತಿ ಇದೆ. ಆದರೆ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಎಂದು ಕೇಳುವ ಧೈರ್ಯ ನನಗಿಲ್ಲ.

ಸೈಕಲ್ ಹಗುರ ಮಾಡಲು ಎರಡು ದಾರಿ ಇವೆ. ಒಂದು, ದುಡ್ಡು ಸುರಿದು ಹಗುರವಾದ ಸಾಮಾನು ಕೊಳ್ಳುವುದು. ಇನ್ನೊಂದು, ಪಾನಾ ಹಿಡಿದು ಬೇಡದ್ದನ್ನು ಬಿಚ್ಚುವುದು. ಮೊದಲನೆಯದನ್ನು ಹೇಳಿಕೊಡಲು ಅಂಗಡಿಯವರೇ ಸಾಕು. ನಾನು ಎರಡನೆಯದರ ಬಗ್ಗೆ ಮಾತಾಡುತ್ತೇನೆ. ಜೇಬಿನಲ್ಲಿ 6,000 ರೂಪಾಯಿ ಇದೆ ಎಂದುಕೊಳ್ಳಿ. ಅಷ್ಟರಲ್ಲಿ ಒಂದೇ ಗೇರಿನ ಮೌಂಟೇನ್ ಬೈಕ್ ಕಟ್ಟಬೇಕು. ಅದು ಹೊಲದ ದಾರಿಯಲ್ಲಿ ಓಡಬೇಕು, ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತುವಷ್ಟು ಹಗುರ ಇರಬೇಕು.

ಅಮೆರಿಕದ ಸೈಕಲ್ ತಯಾರಕ ಕೀತ್ ಬಾಂಟ್ರೇಜರ್ ಹೆಸರಿನಲ್ಲಿ ಒಂದು ಮಾತು ಓಡಾಡುತ್ತದೆ. ಗಟ್ಟಿ, ಹಗುರ, ಅಗ್ಗ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ ಅಂತ. ಕೊಳ್ಳುವ ಸಾಮಾನಿನ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಬಿಚ್ಚಿ ಬದಿಗಿಟ್ಟ ಸಾಮಾನಿಗೆ ಮಾತ್ರ ಆ ಲೆಕ್ಕ ಹತ್ತುವುದಿಲ್ಲ. ನಮ್ಮ ಕೆಲಸ ಇರುವುದು ಆ ಸಂದಿಯಲ್ಲಿ.

ಗೇರು ಇಲ್ಲದೆ ಮೌಂಟೇನ್ ಬೈಕ್ ಎಂಥದ್ದು ಎಂದು ಕೆಲವರು ನಗುತ್ತಾರೆ. ಅವರಿಗೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕತೆ ಹೇಳಿ. 1976ರ ಅಕ್ಟೋಬರಿನಲ್ಲಿ ಅಲ್ಲಿನ ಹುಡುಗರು ಗುಡ್ಡದ ಮಣ್ಣು ದಾರಿಯಲ್ಲಿ ರಿಪ್ಯಾಕ್ ಎಂಬ ಪಂದ್ಯ ಶುರು ಮಾಡಿದರು. ಇಳಿಯಲು ಬಳಸಿದ್ದು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳು, ಹೆಚ್ಚಿನವಕ್ಕೆ ಒಂದೇ ಗೇರು. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್‌ನೊಳಗಿನ, ಅಂದರೆ ಚಕ್ರದ ನಡುಗುಂಬದೊಳಗಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಜೋ ಬ್ರೀಝ್ ಈ ಆಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ್ದು ಮರುವರ್ಷ, 1977ರಲ್ಲಿ. ಅಂದರೆ ಮೌಂಟೇನ್ ಬೈಕ್ ಹುಟ್ಟಿದ್ದೇ ಗುಜರಿ ಸೈಕಲ್‌ನಿಂದ.

ಸರಿ, ನಮ್ಮ ಊರಿಗೆ ಬರೋಣ. ಒಂದೇ ಗೇರು ಇಲ್ಲಿಗೆ ಯಾಕೆ ಹೊಂದುತ್ತದೆ? ಎರೆಮಣ್ಣು. ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಜುಲೈನಲ್ಲಿ ಒಂದು ಮಳೆ ಬಿದ್ದ ಮೇಲೆ ತೊಗರಿ ಹೊಲದ ಬದುವಿನ ದಾರಿಯಲ್ಲಿ ಗೇರ್ ಸೈಕಲ್ ಇಳಿಸಿ ನೋಡಿ. ಮಣ್ಣು ಟೈರಿಗೆ ಅಂಟಿ, ಟೈರಿನಿಂದ ಫ್ರೇಮಿಗೆ, ಅಲ್ಲಿಂದ ಹಿಂದಿನ ಡಿರೇಲರಿಗೆ, ಅಂದರೆ ಚೈನನ್ನು ಎಳೆದು ಹಿಡಿದು ಗೇರು ಬದಲಿಸುವ ಸಾಮಾನಿಗೆ ತುಂಬಿಕೊಳ್ಳುತ್ತದೆ. ಆಗಲೂ ಜೋರು ಮಾಡಿ ತುಳಿದರೆ ಡಿರೇಲರ್ ತಿರುಚಿಕೊಂಡು ಸ್ಪೋಕ್ ಕಡ್ಡಿಯೊಳಗೆ ಸಿಕ್ಕಿಬೀಳುತ್ತದೆ. ಡಿರೇಲರ್, ನಾಲ್ಕು ಕಡ್ಡಿ, ಕೆಲವೊಮ್ಮೆ ಚೈನು, ಎಲ್ಲಾ ಒಂದೇ ಏಟಿಗೆ ಹೋಗುತ್ತವೆ. ಒಂದೇ ಗೇರಿನ ಸೈಕಲ್‌ಗೂ ಮಣ್ಣು ಅಂಟುತ್ತದೆ. ಸುಳ್ಳು ಹೇಳುವುದಿಲ್ಲ, ಅದನ್ನೂ ಇಳಿದು ಕಡ್ಡಿಯಲ್ಲಿ ಕೆರೆಯಲೇಬೇಕು. ಕೆರೆದ ಮೇಲೆ ಮಾತ್ರ ಅದು ಮತ್ತೆ ಓಡುತ್ತದೆ, ಅಷ್ಟೇ ವ್ಯತ್ಯಾಸ.

ಎರಡನೆಯ ಕಾರಣ, ಸಾಮಾನು. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಅವೆಲ್ಲ ಒಂದೇ ಗೇರಿನವು. ಹಾಗಾಗಿ ಗುರುಮಠಕಲ್‌ಗೆ ಹೋಗಿ, ಔರಾದಕ್ಕೆ ಹೋಗಿ, ಪಂಕ್ಚರ್ ಅಂಗಡಿಯಲ್ಲಿ ಫ್ರೀವೀಲು (ಹಿಂದಿನ ಚಕ್ರದ ಹಲ್ಲುಚಕ್ರ), ಚೈನು, ಚೈನ್ ಅಡ್ಜಸ್ಟರು ಸಿಗುತ್ತವೆ. ಡಿರೇಲರ್ ಕೇಳಿದರೆ ಮಿಸ್ತ್ರಿ ಹೈದರಾಬಾದ್ ಕಡೆ ಕೈ ತೋರಿಸುತ್ತಾನೆ.

ಈಗ ಫ್ರೇಮು. 6,000ದಲ್ಲಿ ಸುಮಾರು 2,500 ಇದಕ್ಕೆ ಎತ್ತಿಡಿ. ಹೊಸ ಸೈಕಲ್ ಕಡೆ ನೋಡಲೇಬೇಡಿ. 26 ಇಂಚಿನ ಚಕ್ರದ, ಯಾರೋ ಕೊಂಡು ಎರಡು ತಿಂಗಳು ಓಡಿಸಿ ಮನೆ ಹಿಂದೆ ಒರಗಿಸಿಟ್ಟ ಸೈಕಲ್ ಪ್ರತಿ ಓಣಿಯಲ್ಲೂ ಇದೆ. ಅದನ್ನು ಕೇಳಿ. ಹಿಂದೆ ಮುಂದೆ ಎರಡೂ ಕಡೆ ಶಾಕ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗ್ ಇರುವುದನ್ನು ಮುಟ್ಟಬೇಡಿ. ಹಿಂದಿನ ಶಾಕ್ ಇರುವ ಅಗ್ಗದ ಫ್ರೇಮನ್ನು ಹಗುರ ಮಾಡಲು ಬ್ರಹ್ಮನಿಂದಲೂ ಆಗುವುದಿಲ್ಲ. ಮುಂದೆಯೂ ಶಾಕ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಮುಂದಿನ ಶಾಕ್ ಬಗ್ಗೆ ಸ್ವಲ್ಪ ಹೇಳಬೇಕು. ಮುಂದಿನ ಚಕ್ರವನ್ನು ಹಿಡಿಯುವ ಕವಲಿಗೆ ಫೋರ್ಕು ಅಂತಾರೆ. ಅಗ್ಗದ ಶಾಕ್ ಫೋರ್ಕು ಎರಡು, ಎರಡೂವರೆ ಕೆಜಿ ತೂಗುತ್ತದೆ. ಸಾದಾ ಸ್ಟೀಲ್ ಫೋರ್ಕು ಒಂದು ಕೆಜಿ ಆಸುಪಾಸು. ಒಂದೇ ಸಾಮಾನಿನಲ್ಲಿ ಒಂದು ಕೆಜಿಗಿಂತ ಜಾಸ್ತಿ ಉಳಿತಾಯ. ಹಾಗಂತ ಅಪ್ಪನ ಹಳೇ ಸೈಕಲ್‌ನ ಫೋರ್ಕು ತಂದು ತುರುಕಬೇಡಿ. ಅದರ ಮೇಲಿನ ಕೊಳವೆ ಒಂದು ಇಂಚಿನದು, ಮೌಂಟೇನ್ ಬೈಕಿನದು ಸಾಮಾನ್ಯವಾಗಿ ಒಂದೂ ಅರೆಕಾಲು (1⅛) ಇಂಚು, ಅಂದರೆ 28.6 ಮಿಲಿಮೀಟರ್. ಹೊಂದಿದರೂ ಉದ್ದ ಸಾಲದು. ಶಾಕ್‌ಗೆಂದು ಮಾಡಿದ ಫ್ರೇಮಿಗೆ ಗಿಡ್ಡ ಫೋರ್ಕು ಹಾಕಿದರೆ ಮುಂಭಾಗ ಕುಸಿಯುತ್ತದೆ. ಎರಡು ಸೆಂಟಿಮೀಟರ್ ಕುಸಿದರೆ ಹ್ಯಾಂಡಲ್ ಕೆಳಗಿನ ಕೊಳವೆಯ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ನೆಟ್ಟಗಾಗುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಮುಗ್ಗರಿಸುವಂತೆ ಅನಿಸುತ್ತದೆ. ಅದಕ್ಕೇ ಹೇಳಿದ್ದು, ಹುಟ್ಟಿದಾಗಿನಿಂದ ಶಾಕ್ ಇಲ್ಲದ ಫ್ರೇಮೇ ಹುಡುಕಿ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ. ಹಿಂದಿನ ಚಕ್ರದ ಆಕ್ಸಲ್ ಕೂರುವ ಸಂದಿ ನೋಡಿ. ದುಬಾರಿ ಗೇರ್ ಸೈಕಲ್‌ನಲ್ಲಿ ಆ ಸಂದಿ ಕೆಳಮುಖ, ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ. ಅಗ್ಗದ ಸೈಕಲ್‌ನಲ್ಲಿ ಎಷ್ಟೋ ಸಲ ಅದು ಅಡ್ಡ ಇರುತ್ತದೆ. ಡಿರೇಲರನ್ನು ಫ್ರೇಮಿಗೇ ಕೂರಿಸದೆ ಆಕ್ಸಲ್ ಹತ್ತಿರ ಬೇರೆ ತಗಡು ಪಟ್ಟಿಗೆ ಸ್ಕ್ರೂ ಮಾಡಿದ್ದಾರಾ? ಹಾಗಾದರೆ ಬಹುತೇಕ ನಿಮಗೆ ಬೇಕಾದ ಫ್ರೇಮ್ ಅದೇ. ಗೇರ್ ತೆಗೆದರೆ ಚೈನ್ ಬಿಗಿ ಮಾಡಲು ಡಿರೇಲರ್ ಇರುವುದಿಲ್ಲ, ಚಕ್ರವನ್ನೇ ಹಿಂದಕ್ಕೆ ಎಳೆದು ಬಿಗಿ ಮಾಡಬೇಕು. ಚೈನ್ ಒಂದು ಇಂಚು ಕಡಿಮೆ ಮಾಡಿದರೆ ಚಕ್ರ ಅರ್ಧ ಇಂಚು ಮುಂದೆ ಬರುತ್ತದೆ, ಅಷ್ಟು ಜಾಗ ಆ ಅಡ್ಡ ಸಂದಿಯಲ್ಲಿ ಸಿಗುತ್ತದೆ. ಸೈಕಲ್ ಲೋಕದಲ್ಲಿ ಅಗ್ಗದ್ದು ದುಬಾರಿಯದನ್ನು ಸೋಲಿಸುವ ಜಾಗ ಇದೊಂದೇ ಇರಬೇಕು! ಕೆಳಮುಖ ಸಂದಿಯ ಫ್ರೇಮೇ ಗತಿ ಅಂದರೆ, ಹಳೇ ಡಿರೇಲರನ್ನೇ ಕೇಬಲ್ ಇಲ್ಲದೆ, ಸ್ಕ್ರೂನಿಂದ ಒಂದೇ ಸಾಲಿಗೆ ನಿಲ್ಲಿಸಿ, ಚೈನ್ ಎಳೆಯಲು ಬಿಡಬಹುದು. ಎರೆಮಣ್ಣಿನ ತಲೆನೋವು ಆಗ ಹಾಗೇ ಉಳಿಯುತ್ತದೆ.

ಫ್ರೀವೀಲಿಗೆ ಬರೋಣ. ಅಗ್ಗದ ಗೇರ್ ಸೈಕಲ್‌ನಲ್ಲಿ ಆರೋ ಏಳೋ ಹಲ್ಲುಚಕ್ರಗಳ ಗುಂಪು ಹಬ್‌ಗೆ ಥ್ರೆಡ್ ಮೇಲೆ ಕೂತಿರುತ್ತದೆ. ಆ ಥ್ರೆಡ್ ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಸಾದಾ ಒಂಟಿ ಫ್ರೀವೀಲಿನದೂ ಅದೇ. ಗುಂಪನ್ನು ತೆಗೆದು 18 ಹಲ್ಲಿನ ಒಂಟಿ ಫ್ರೀವೀಲ್ ಹಾಕಿದರೆ ಮುಗಿಯಿತು. ಮೊದಲೆರಡು ಸುತ್ತು ಕೈಯಲ್ಲೇ ತಿರುಗಿಸಿ, ಬಿಗಿ ಅನಿಸಿದರೆ ಬಲವಂತ ಮಾಡಬೇಡಿ. ತೆಗೆಯುವುದೇ ಕಷ್ಟ. ತುಳಿದಂತೆಲ್ಲ ಅದು ಬಿಗಿಯಾಗುತ್ತಲೇ ಬಂದಿರುತ್ತದೆ. ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಫ್ರೀವೀಲ್ ಬಿಚ್ಚುವ ರಿಮೂವರನ್ನು ವೈಸ್‌ಗೆ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಕೂರಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಅಷ್ಟುದ್ದದ ಪಾನಾ ಯಾರ ಹತ್ತಿರವೂ ಇರುವುದಿಲ್ಲ. ನಿಮ್ಮದು ಕ್ಯಾಸೆಟ್ ಮಾದರಿ, ಅಂದರೆ ಹಲ್ಲುಚಕ್ರಗಳು ಥ್ರೆಡ್ ಇಲ್ಲದೆ ಹಬ್ ಮೇಲೆ ಜಾರಿ ಕೂರುವಂಥದ್ದು ಆಗಿದ್ದರೆ ಕೆಲಸ ಇನ್ನೂ ಸುಲಭ. ಒಂದು ಹಲ್ಲುಚಕ್ರ ಉಳಿಸಿಕೊಂಡು, ಉಳಿದ ಜಾಗಕ್ಕೆ ಪಿವಿಸಿ ಪೈಪ್ ತುಂಡು ಕತ್ತರಿಸಿ ಹಾಕುವುದು ಜಗತ್ತಿನಾದ್ಯಂತ ನಡೆಯುವ ಜುಗಾಡ್.

ಮುಂದೆ ಪೆಡಲ್ ಹತ್ತಿರ ಮೂರು ಚೈನ್‌ರಿಂಗ್ (ಹಲ್ಲುಚಕ್ರ) ಇದ್ದರೆ ಸಾಮಾನ್ಯವಾಗಿ 42, 34, 24 ಹಲ್ಲು. ನಡುವಿನದು ನಮಗೆ ಸಾಕು. ರಿವೆಟ್ ಹೊಡೆದಿದ್ದರೆ ಡ್ರಿಲ್ ಮಾಡಿ ಉಳಿದೆರಡನ್ನು ತೆಗೆಯಬೇಕು. ಚೈನು ಹಳೇ ಸೈಕಲ್‌ನ ಅಗಲದ ಚೈನೇ ಇರಲಿ, ಅದು ದಪ್ಪ, ತೆಳ್ಳನೆಯ ಎರಡೂ ಬಗೆಯ ಹಲ್ಲಿನ ಮೇಲೆ ಓಡುತ್ತದೆ.

ಒಂಟಿ ಫ್ರೀವೀಲ್ ಹಾಕಿದ ಕೂಡಲೇ ಒಂದು ತೊಂದರೆ ಕಾಣಿಸುತ್ತದೆ. ಅದು ಕಡ್ಡಿಗಳಿಗೆ ತೀರಾ ಹತ್ತಿರ ಕೂರುತ್ತದೆ, ಚೈನ್ ಸೊಟ್ಟ ಓಡುತ್ತದೆ. ಸೊಟ್ಟ ಚೈನು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ನೆಗೆಯುವಲ್ಲಿ ಕಳಚಿಕೊಳ್ಳುತ್ತದೆ. ಇದನ್ನು ಅಳೆದೇ ಸರಿ ಮಾಡಬೇಕು, ಕಣ್ಣಂದಾಜು ನಡೆಯುವುದಿಲ್ಲ. ಮುಂದೆ, ಸೀಟ್ ಕೊಳವೆಯ ನಡುವಿನಿಂದ ಚೈನ್‌ರಿಂಗ್ ಹಲ್ಲಿಗೆ ಎಷ್ಟು ಅಂತ ಅಳೆಯಿರಿ. 49 ಮಿಲಿಮೀಟರ್ ಬಂತು ಎನ್ನೋಣ. ಹಿಂದೆ, ಆಕ್ಸಲ್ ಕೂರುವ ಫ್ರೇಮಿನ ಎರಡು ತುದಿಗಳ ನಡುವಿನ ಅಗಲ 135 ಇದ್ದರೆ ಅರ್ಧ 67.5. ಅದರಲ್ಲಿ 49 ಕಳೆಯಿರಿ, ಉಳಿದದ್ದು 18.5. ಬಲಬದಿ ಫ್ರೇಮಿನ ಒಳಮೈಯಿಂದ ಫ್ರೀವೀಲ್ ಹಲ್ಲು ಇಷ್ಟು ದೂರ ಇರಬೇಕು. ಎರಡು ಮಿಲಿಮೀಟರ್ ಆಚೀಚೆ ಆದರೆ ಪರವಾಗಿಲ್ಲ.

ಸಾಮಾನ್ಯವಾಗಿ ಹಲ್ಲು ಇನ್ನೂ ಒಳಗೇ ಇರುತ್ತದೆ. ಆಗ ಆಕ್ಸಲ್ ಬಿಚ್ಚಿ, ಬಲಗಡೆಯ ವಾಷರ್ ಬಳೆಗಳಲ್ಲಿ ಕೆಲವನ್ನು ಎಡಕ್ಕೆ ಹಾಕಿ. ಹಬ್ ಅಷ್ಟು ಬಲಕ್ಕೆ ಸರಿಯುತ್ತದೆ, ಜೊತೆಗೆ ರಿಮ್ಮೂ ಬಲಕ್ಕೆ ಹೋಗುತ್ತದೆ. ಅದನ್ನು ವಾಪಸ್ ನಡುವಿಗೆ ತರಲು ಎಡಗಡೆ ಕಡ್ಡಿ ಬಿಗಿ, ಬಲಗಡೆ ಕಡ್ಡಿ ಸಡಿಲ, ಒಂದು ಸಲಕ್ಕೆ ಅರ್ಧ ಸುತ್ತು. ಇಲ್ಲಿ ಪುಗಸಟ್ಟೆ ಲಾಭವೊಂದಿದೆ. ಗೇರ್ ಸೈಕಲ್‌ನ ಹಿಂದಿನ ಚಕ್ರದಲ್ಲಿ ಬಲಗಡೆ ಕಡ್ಡಿಗಳು ವಿಪರೀತ ಬಿಗಿ, ಎಡಗಡೆಯವು ಸಡಿಲ. ಹೀಗೆ ಸರಿಸಿದ ಮೇಲೆ ಎರಡೂ ಕಡೆಯ ಬಿಗಿ ಹತ್ತಿರ ಹತ್ತಿರ ಬರುತ್ತದೆ, ಅದೇ ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತದೆ. ಗಟ್ಟಿ, ಹಗುರ, ಅಗ್ಗ, ಮೂರೂ! ಬಾಂಟ್ರೇಜರ್ ಸಾಹೇಬರು ಇದನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಚೈನ್ ಬಿಗಿ ಎಷ್ಟಿರಬೇಕು? ನಡುವೆ ಬೆರಳಿಟ್ಟರೆ ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಚೈನ್‌ರಿಂಗ್ ಯಾವುದೂ ಪೂರ್ತಿ ದುಂಡಗೆ ಇರುವುದಿಲ್ಲ, ಅದಕ್ಕೆ ಪೆಡಲ್ ತಿರುಗಿಸುತ್ತಾ ತುಂಬಾ ಬಿಗಿ ಇರುವ ಜಾಗದಲ್ಲಿ ನೋಡಿ.

ಈಗ ಗೇರಿನ ಲೆಕ್ಕ. ಹಳೇ ದೊಡ್ಡ ಸೈಕಲ್‌ನಲ್ಲಿ ಮುಂದೆ 44, ಹಿಂದೆ 18, ಚಕ್ರ 28 ಇಂಚು. ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರ್ ಹೋಗುತ್ತದೆ. ಡಾಂಬರು ರಸ್ತೆಗೆ ಸರಿ, ಉಸುಕಿನಲ್ಲಿ ಮೊಣಕಾಲು ಬೇಡುತ್ತದೆ. ನಮ್ಮ 34, 18, 26 ಇಂಚಿಗೆ ಹೆಚ್ಚುಕಡಿಮೆ 3.9 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್ ದಾಟುತ್ತೀರಿ. ಕಲಬುರಗಿ, ಸೇಡಂ ಕಡೆಗೆ ಇಷ್ಟು ಸಾಕು. ನಮ್ಮಲ್ಲಿ ಗುಡ್ಡಕ್ಕಿಂತ ಆಷಾಢದ ಎದುರುಗಾಳಿಯೇ ದೊಡ್ಡ ಏರು. ಚಿಂಚೋಳಿಯ ಕಾಡಿನ ಕಡೆಗೆ, ಬೀದರಿನ ಕೆಂಪು ದಿಬ್ಬಗಳಿಗೆ, ಶಹಾಪುರದ ಬಂಡೆಗಲ್ಲಿನ ನಡುವೆ ಓಡಿಸುವವರು 20 ಹಲ್ಲಿನ ಫ್ರೀವೀಲ್ ಹುಡುಕಿ. ಏರಿನಲ್ಲಿ ಇಳಿದು ತಳ್ಳಿದರೆ ಅದೇನು ಅವಮಾನವಲ್ಲ.

ತೂಕಕ್ಕೆ ಬರೋಣ. ಶಾಕ್ ಇರುವ ಅಗ್ಗದ ಸೈಕಲ್ 17, 18 ಕೆಜಿ ಇರುತ್ತದೆ. ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್ ಬಿಚ್ಚಿ. ಗೇರಿನ ಸಾಮಾನು ಅಷ್ಟೂ ಸೇರಿ ಇನ್ನೊಂದು ಕೆಜಿ. ಸ್ಪ್ರಿಂಗ್ ಸೀಟು, ಸ್ಟೀಲ್ ಹ್ಯಾಂಡಲ್ ಹೋದರೆ ಇನ್ನಷ್ಟು. ಕೊನೆಗೆ 12, 13 ಕೆಜಿಗೆ ಬಂದು ನಿಂತರೆ ಗೆದ್ದಿರಿ. ಅದಕ್ಕಿಂತ ಕೆಳಗೆ ಇಳಿಸಲು ಸಾವಿರಗಟ್ಟಲೆ ಬೇಕು. ಬಿಚ್ಚಿದ ಕಬ್ಬಿಣವನ್ನು ಗುಜರಿಗೆ ಹಾಕಿ, ಅವನ ತಕ್ಕಡಿಯಲ್ಲೇ ಸೈಕಲ್ಲನ್ನೂ ತೂಗಿ ನೋಡಿ.

ಉಳಿದ ದುಡ್ಡಿನ ದೊಡ್ಡ ಪಾಲು ಚಕ್ರಕ್ಕೇ ಹೋಗಲಿ. ಸ್ಟೀಲ್ ರಿಮ್ ಇದ್ದರೆ ಅಲ್ಯೂಮಿನಿಯಂ ಹಾಕಿಸಿ. ತೂಕ ಇಳಿಯುತ್ತದೆ ಎನ್ನುವುದಕ್ಕಿಂತ, ಮಳೆಯಲ್ಲಿ ಸ್ಟೀಲ್ ರಿಮ್ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಅದು ಜೀವದ ಪ್ರಶ್ನೆ. ಹಾಗೇ ಬ್ರೇಕ್ ರಬ್ಬರು, ಬ್ರೇಕ್ ಕೇಬಲ್ಲು ಎರಡೂ ಹೊಸವೇ ಇರಲಿ. ಅಲ್ಲಿ ಜಿಪುಣತನ ಮಾಡಬೇಡಿ. ತಿರುಗುವ ತೂಕ ಎರಡು ಪಟ್ಟು ಎಂದು ಹೇಳುವುದನ್ನು ಕೇಳಿರುತ್ತೀರಿ. ರಿಮ್ಮು, ಟೈರಿನ ತೂಕಕ್ಕೆ ಅದು ನಿಜ, ಆದರೆ ವೇಗ ಹೆಚ್ಚಿಸುವಾಗ ಮಾತ್ರ. ಸಮ ವೇಗದಲ್ಲಿ ಹೋಗುವಾಗ ಅದೂ ಬೇರೆ ತೂಕದಂತೆಯೇ, ಎರಡು ಪಟ್ಟಲ್ಲ.

ಅದಕ್ಕೇ ಟೈರಿನ ವಿಷಯದಲ್ಲಿ ತೀರಾ ಹಗುರದ್ದಕ್ಕೆ ಆಸೆ ಪಡಬೇಡಿ. ಜಾಲಿ ಮುಳ್ಳು, ನೆಗ್ಗಿನ ಮುಳ್ಳು, ಚಿತ್ತಾಪುರ ಕಡೆ ಹೋದರೆ ಶಹಾಬಾದಿ ಕಲ್ಲಿನ ಚೂರು. ಟೈರ್ ತೆಳ್ಳಗಾದಷ್ಟೂ ನೀವು ರಸ್ತೆ ಬದಿ ಕೂತು ಪಂಕ್ಚರ್ ಹಾಕುವುದು ಜಾಸ್ತಿ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರ್ ಮತ್ತು ಟ್ಯೂಬ್ ನಡುವೆ ಹಾಸಿ. ನೂರಿನ್ನೂರು ಗ್ರಾಂ ಜಾಸ್ತಿ ಆಗುತ್ತದೆ. ಆಗಲಿ. ತೂಕದ ಹುಚ್ಚು ಹಿಡಿದವರು ಇದನ್ನು ಕೇಳಿ ಬೈಯುತ್ತಾರೆ, ಅವರು ಯಾದಗಿರಿಯ ಜಾಲಿ ನೋಡಿಲ್ಲ.

ಪೆಡಲ್ ಬಗ್ಗೆ ಒಂದೇ ಮಾತು. ಎಡಗಡೆಯದು ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಜೋರು ಮಾಡಿದರೆ ಪೆಡಲ್ ಕೂರುವ ಕ್ರ್ಯಾಂಕೇ ಹಾಳು.

ಮಾತು ಸಾಕು. ಈ ಮೇಜಿನ ಮೇಲೆ ಇರುವ ಹಿಂದಿನ ಚಕ್ರದಲ್ಲಿ ಏಳು ಹಲ್ಲುಚಕ್ರದ ಗುಂಪು ಇನ್ನೂ ಹಾಗೇ ಇದೆ. ನಿನ್ನೆ ರಾತ್ರಿಯೇ ಎಣ್ಣೆ ಬಿಟ್ಟಿದ್ದೇನೆ, ವೈಸ್ ಅಲ್ಲಿ ಕಿಟಕಿ ಹತ್ತಿರ ಇದೆ. ತೋಳಿನಲ್ಲಿ ಶಕ್ತಿ ಇರುವವರು ಇಬ್ಬರು ಮುಂದೆ ಬನ್ನಿ. ಉಳಿದವರು ಸುತ್ತ ನಿಂತುಕೊಳ್ಳಿ, ಬೆಳಕಿಗೆ ಮಾತ್ರ ಅಡ್ಡ ಬರಬೇಡಿ.