ಮಳೆ ರಾತ್ರಿ, ಮೂವರು ಪೈಲಟ್‌ಗಳು, ಒಂದು ಹಳೇ ಸ್ಟೇಷನ್

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಇವತ್ತು ಮಳೆ ಬಂದಿದ್ದು ಒಳ್ಳೆಯದೇ ಆಯಿತು. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಗ್ರೂಪ್ ಕ್ಯಾಪ್ಟನ್ ದಿಲೀಪ್ ಪರುಳ್ಕರ್ ಅವರ ಬಗ್ಗೆ ಮಾತಾಡೋಕೆ ನಿಂತಿದ್ದೇನೆ. 2025ರ ಆಗಸ್ಟ್‌ನಲ್ಲಿ ಪುಣೆ ಹತ್ತಿರ ತೀರಿಕೊಂಡರು, ವಯಸ್ಸು ಎಂಬತ್ತು ದಾಟಿತ್ತು. ಇಲ್ಲಿ ಏರ್‌ಫೋರ್ಸ್‌ನಿಂದ ನಿವೃತ್ತರಾದವರು ಬೇಕಾದಷ್ಟು ಜನ ಇದ್ದೀರಿ, ನಿಮಗೆ ಅವರ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಹುಡುಗರಿಗೆ ಮಾತ್ರ ಒಂದು ಮಾತು. 1965ರ ಯುದ್ಧದಲ್ಲಿ ಇವರ ಹಂಟರ್ ವಿಮಾನಕ್ಕೆ ಗುಂಡು ಬಿತ್ತು, ಇವರ ಬಲಭುಜಕ್ಕೂ ಪೆಟ್ಟಾಯಿತು. ಪ್ಯಾರಾಚೂಟ್‌ನಲ್ಲಿ ಹೊರಗೆ ಹಾರಿಕೋ ಅಂದರೂ ಹಾರಿಕೊಳ್ಳದೆ ವಿಮಾನವನ್ನು ವಾಪಸ್ ತಂದು ಇಳಿಸಿದರು, ಅದಕ್ಕೆ ವಾಯುಸೇನಾ ಪದಕ ಬಂತು. ಬೇರೆಯವರಾಗಿದ್ದರೆ ಜೀವನಪೂರ್ತಿ ಆ ಕಥೆಯನ್ನೇ ಹೇಳುತ್ತಿದ್ದರು, ಅಲ್ವಾ? ಆದರೆ ಜನ ಇವರ ಬಾಯಿಂದ ಮತ್ತೆ ಮತ್ತೆ ಕೇಳಿದ್ದು 1972ರಲ್ಲಿ ಸಿಕ್ಕಿಬಿದ್ದ ಕಥೆ.

ನನಗೆ ಇವರ ಮೇಲೆ ಪ್ರೀತಿ ಬಂದಿದ್ದು ಅಲ್ಲೇ.

ಐದು ವಿಷಯ ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಮೊದಲು ಕಥೆ ಹೇಳಿಬಿಡುತ್ತೇನೆ.

1971ರ ಡಿಸೆಂಬರ್ 10. ಪರುಳ್ಕರ್ ಹಾರಿಸುತ್ತಿದ್ದ ಸುಖೋಯ್-7 ಪಾಕಿಸ್ತಾನದ ಜಫರ್‌ವಾಲ್ ಹತ್ತಿರ ಬಿತ್ತು. ಅವರು ಯುದ್ಧಕೈದಿ ಆದರು. ಯುದ್ಧಕ್ಕೆ ಎಷ್ಟೋ ಮುಂಚೆಯೇ ತಮ್ಮ ಕಮಾಂಡರ್ ಹತ್ತಿರ, ನಾನೇನಾದರೂ ಸೆರೆ ಸಿಕ್ಕರೆ ತಪ್ಪಿಸಿಕೊಂಡು ಬರ್ತೀನಿ ಸಾರ್ ಅಂದಿದ್ದರಂತೆ. ಅದು ಅವರಿಗೆ ಸುಮ್ನೆ ಬಾಯಿಮಾತಾಗಿರಲಿಲ್ಲ.

ರಾವಲ್ಪಿಂಡಿಯ ಕ್ಯಾಂಪಿನಲ್ಲಿ ನಮ್ಮ ಪೈಲಟ್‌ಗಳು ಹತ್ತು ಹನ್ನೆರಡು ಜನ ಇದ್ದರು. ಅವರಲ್ಲಿ ಒಬ್ಬರು ಜೆ. ಎಲ್. ಭಾರ್ಗವ. ಅವರ ವಿಮಾನ ಮಾರುತ್, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ್ದು. ಸಿಂಧ್ ಮರುಭೂಮಿಯಲ್ಲಿ ಬಿದ್ದಾಗ ಅವರು ನಾನು ಪಾಕಿಸ್ತಾನದ ಪೈಲಟ್, ಹೆಸರು ಮನ್ಸೂರ್ ಅಲಿ ಅಂದರು. ನಮ್ಮ ಕ್ರಿಕೆಟ್ ಪಟೌಡಿ ಹೆಸರು! ಹಳ್ಳಿಯವರು ನಂಬಿ ನೀರೂ ಕೊಟ್ಟರು. ಕೊನೆಗೆ ಕಲ್ಮಾ, ಅಂದರೆ ಮುಸ್ಲಿಮರು ತಮ್ಮ ನಂಬಿಕೆ ಸಾರುವ ಸಾಲು, ಹೇಳು ನೋಡೋಣ ಅಂದಾಗ ಕಥೆ ಮುಗಿಯಿತು. ಇದನ್ನು ಹೇಳಿದ್ದು ಯಾಕೆ ಅಂದರೆ, ಆ ಕ್ಯಾಂಪಿನಲ್ಲಿ ಎಂಥೆಂಥ ಕಥೆಗಾರರು ಸೇರಿದ್ದರು ನೋಡಿ.

ಈಗ ಗೋಡೆ. ಸುಮಾರು ಒಂದೂವರೆ ಅಡಿ ದಪ್ಪ. ಸ್ಕ್ರೂಡ್ರೈವರ್, ಕತ್ತರಿ, ಹೀಗೆ ಕೈಗೆ ಸಿಕ್ಕಿದ್ದರಲ್ಲೇ ರಾತ್ರಿ ಹೊತ್ತು ಕೆರೆದರು. ಪೈಲಟ್‌ಗಳು ಹಾಕಿಕೊಳ್ಳುವ ಜಿ-ಸೂಟ್ ಒಳಗೆ ಗಾಳಿ ತುಂಬುವ ರಬ್ಬರ್ ಚೀಲ ಇರುತ್ತೆ, ಅದನ್ನೇ ನೀರಿನ ಚೀಲ ಮಾಡಿಕೊಂಡರು. ಸೂಜಿಯನ್ನು ಅಯಸ್ಕಾಂತ ಮಾಡಿ ದಿಕ್ಸೂಚಿ ತಯಾರಿಸಿದರು. ಕೈದಿಗಳಿಗೆ ಜಿನೀವಾ ಒಪ್ಪಂದದ ಪ್ರಕಾರ ತಿಂಗಳಿಗಿಷ್ಟು ಅಂತ ದುಡ್ಡು ಬರುತ್ತಿತ್ತು, ಅದನ್ನು ಕೂಡಿಟ್ಟರು. ಭಾರತದ ಗಡಿ ಕಡೆಗೆ ಹೋಗುವ ಹಾಗಿಲ್ಲ, ಅಲ್ಲಿ ಎರಡೂ ಸೈನ್ಯ ಎದುರುಬದುರು ಕೂತಿವೆ, ನೆಲದ ತುಂಬ ಮೈನ್. ಹಾಗಾಗಿ ಉಲ್ಟಾ ದಿಕ್ಕು. ಪೇಶಾವರ, ಖೈಬರ್ ಕಣಿವೆ, ಆಮೇಲೆ ಅಫ್ಘಾನಿಸ್ತಾನ.

ಹೊರಟವರು ಮೂವರು. ಪರುಳ್ಕರ್, ಗ್ರೆವಾಲ್, ಹರೀಶ್ ಸಿನ್ಹ್‌ಜಿ. 1972ರ ಆಗಸ್ಟ್ 12 ಕಳೆದು 13 ಆಗುವ ರಾತ್ರಿ. ಗುಡುಗು, ಬಿರುಗಾಳಿ, ಮಳೆ. ಗೋಡೆಯಾಚೆ ಇದ್ದ ಕಾವಲುಗಾರ ಮಂಚವನ್ನು ಜಗಲಿಗೆ ಎಳೆದುಕೊಂಡು ತಲೆ ತುಂಬ ಕಂಬಳಿ ಹೊದ್ದಿದ್ದ. ಶುರುವಿನಲ್ಲಿ ಮಳೆ ಒಳ್ಳೆಯದು ಅಂದೆನಲ್ಲ, ಅದಕ್ಕೇ. ಮೂವರೂ ಬೀದಿಗೆ ಬಂದರು, ಬಸ್ ಹತ್ತಿದರು. ಕೇಳಿದವರಿಗೆ ನಾವು ಲಾಹೋರಿನ ಏರ್‌ಫೋರ್ಸ್‌ನವರು, ರಜೆ ಮೇಲೆ ಬಂದಿದ್ದೀವಿ ಅಂತ ಹೇಳೋದು. ಫಿಲಿಪ್ ಪೀಟರ್, ಅಲಿ ಅಮೀರ್, ಹೆರಾಲ್ಡ್ ಜೇಕಬ್ ಅಂತ ಹೆಸರು.

ಪೇಶಾವರದಿಂದ ಜಟಕಾ, ಸ್ವಲ್ಪ ನಡಿಗೆ, ಮತ್ತೆ ಬಸ್ಸಿನ ಟಾಪ್ ಮೇಲೆ ಕೂತು ಲಂಡಿ ಕೋತಲ್. ಬೆಳಗ್ಗೆ ಸುಮಾರು ಒಂಬತ್ತೂವರೆ. ಗಡಿ ಇನ್ನು ನಾಲ್ಕೈದು ಮೈಲಿ ಅಷ್ಟೇ! ನಮ್ಮ ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೋದ ಹಾಗೆ. ಟೀ ಅಂಗಡಿ ಹತ್ತಿರ ಕೇಳಿದರು, ಲಂಡಿ ಖಾನಾಗೆ ಹೇಗೆ ಹೋಗಬೇಕು?

ಅಲ್ಲಿ ಕೆಟ್ಟಿತು. ಅಟ್ಲಾಸಿನಲ್ಲಿ ರೈಲು ಹಳಿ ಮುಗಿಯುವ ಕಡೆ ಲಂಡಿ ಖಾನಾ ಅಂತ ಹೆಸರು ಇತ್ತು. ಬ್ರಿಟಿಷರು 1926ರಲ್ಲಿ ಅಲ್ಲೊಂದು ಸ್ಟೇಷನ್ ತೆರೆದಿದ್ದು ನಿಜ. ಆದರೆ 1932ರಲ್ಲೇ ಮುಚ್ಚಿಬಿಟ್ಟಿದ್ದರು. ಪರುಳ್ಕರ್ ಹುಟ್ಟುವುದಕ್ಕೂ ಮುಂಚೆ ಮುಚ್ಚಿದ ಸ್ಟೇಷನ್ ಅದು. ಹತ್ತಿರದಲ್ಲಿದ್ದ ತಹಶೀಲ್ದಾರ್ ಕಚೇರಿಯ ಗುಮಾಸ್ತನಿಗೆ ಅನುಮಾನ ಬಂತು. ಇವರು ಭಾರತೀಯರು ಅಂತಲ್ಲ, ಬಂಗಾಳಿಗಳಿರಬೇಕು ಅಂತ. ಬಾಂಗ್ಲಾದೇಶ ಹುಟ್ಟಿದ ಮೇಲೆ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡಿದ್ದ ಬಂಗಾಳಿಗಳು ಅದೇ ದಾರಿಯಲ್ಲಿ ಕಾಬೂಲ್‌ಗೆ ಓಡುತ್ತಿದ್ದರು. ನಡೀರಿ ತಹಶೀಲ್ದಾರ್ ಹತ್ತಿರ ಅಂದ.

ನಮ್ಮಲ್ಲಿ ತಹಶೀಲ್ದಾರ್ ಕಚೇರಿಗೆ ಅಲೆದವರಿಗೆ ಗೊತ್ತು, ಅಲ್ಲಿಂದ ಬೇಗ ಹೊರಗೆ ಬರೋದು ಕಷ್ಟ. ಇವರಿಗಂತೂ ಜೀವದ ಪ್ರಶ್ನೆ. ಆ ಗುಡ್ಡಗಾಡಿನಲ್ಲಿ ಗುಂಡು ಹೊಡೆದು ಎಸೆದರೆ ಕೇಳುವವರಿಲ್ಲ. ಆಗ ಪರುಳ್ಕರ್‌ಗೆ ಒಂದು ಯೋಚನೆ ಹೊಳೆಯಿತು. ನಾನೊಂದು ಫೋನ್ ಮಾಡಬೇಕು ಅಂದರು. ಯಾರಿಗೆ? ಪಾಕಿಸ್ತಾನದ ವಾಯುಪಡೆ ಮುಖ್ಯಸ್ಥರ ಎಡಿಸಿಗೆ, ಅಂದರೆ ಅವರ ಆಪ್ತ ಅಧಿಕಾರಿಗೆ! ಅವರ ಹೆಸರು ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್. ಮೊದಲು ಇದೇ ಕ್ಯಾಂಪ್ ನೋಡಿಕೊಂಡಿದ್ದವರು. 1971ರ ಕ್ರಿಸ್‌ಮಸ್ ದಿನ, ಒಬ್ಬೊಬ್ಬರೇ ಸೆಲ್‌ನಲ್ಲಿ ಕೊಳೆಯುತ್ತಿದ್ದ ನಮ್ಮ ಹುಡುಗರನ್ನು ಮೊದಲ ಸಲ ಒಟ್ಟಿಗೆ ಕೂರಿಸಿ ಕೇಕ್ ಕೊಟ್ಟವರು.

ಫೋನ್ ಸಿಕ್ಕಿತು. ಸಾರ್, ನಾವು ಲಂಡಿ ಕೋತಲ್‌ನಲ್ಲಿ ಇದ್ದೀವಿ, ಹಿಡಿದಿದ್ದಾರೆ ಅಂತ ನಿಜ ಹೇಳಿದರು. ಉಸ್ಮಾನ್‌ಗೆ ಒಂದು ಕ್ಷಣದಲ್ಲಿ ಅರ್ಥವಾಯಿತು. ತಹಶೀಲ್ದಾರ್‌ಗೆ ಹೇಳಿದರು: ಇವರು ನಮ್ಮವರೇ, ಇಟ್ಟುಕೊಂಡಿರಿ, ಆದರೆ ಮೈ ಮುಟ್ಟಬೇಡಿ.

ಆ ಒಂದು ಮಾತಿಗೆ ಮೂರು ಜೀವ ಉಳಿಯಿತು.

ನೋಡಿ, ಮೊದಲನೇ ವಿಷಯ, ನನ್ನ ವಾದ ಇದೇ. ನಾನು ಎಲ್ಲಿ ಹೋದರೂ ಇದನ್ನೇ ಹೇಳುತ್ತೇನೆ, ಕೇಳಿ ಬೇಜಾರಾಗಿದ್ದವರು ಕ್ಷಮಿಸಿ. ಗೆದ್ದ ಕಥೆ ಯಾರು ಬೇಕಾದರೂ ಹೇಳುತ್ತಾರೆ. ಈ ಮನುಷ್ಯ ನಾಲ್ಕೈದು ಮೈಲಿಯಲ್ಲಿ ಸೋತ ಕಥೆಯನ್ನು ಮುಚ್ಚಿಡಲಿಲ್ಲ, ಹಳೇ ಹೆಸರು ಕೇಳಿ ಕೆಟ್ಟೆವು ಅನ್ನೋದನ್ನೂ ಬಿಡಲಿಲ್ಲ, ಉಸ್ಮಾನ್ ಮಾಡಿದ ಉಪಕಾರವನ್ನೂ ಬಿಡಲಿಲ್ಲ. ಎರಡು ಯುದ್ಧದಲ್ಲಿ ಗುಂಡಿನ ಮಧ್ಯೆ ಹೋಗಿ ಬಂದವರು ಎದುರಾಳಿಯ ಒಳ್ಳೆಯತನವನ್ನು ಹೆಸರಿಟ್ಟು ಹೇಳಿದರೆ ನಾವು ಕೂತು ಕೇಳಬೇಕು. ನಮ್ಮ ಕೊಡಗಿನವರಿಗೆ ಇದು ಗೊತ್ತಿರುವ ವಿಷಯವೇ, 1965ರಲ್ಲಿ ಜನರಲ್ ಕಾರ್ಯಪ್ಪನವರ ಮಗ, ಪೈಲಟ್ ನಂದಾ ಕಾರ್ಯಪ್ಪ ಸೆರೆ ಸಿಕ್ಕಾಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡ್ತೀನಿ ಅಂದಿದ್ದು, ಜನರಲ್ ಕಾರ್ಯಪ್ಪನವರು ಅಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದಿದ್ದು. ಅದನ್ನು ಬಿಡಿಸಿ ಹೇಳಲು ಹೋದರೆ ಇನ್ನೊಂದು ಗಂಟೆ ಬೇಕು.

ಚೀಟಿ ಬಂತು, ಹತ್ತೇ ನಿಮಿಷ ಅಂತೆ. ಸರಿ.

ಎರಡನೇ ವಿಷಯ, ಹಿಂದೆ ಉಳಿದವರದ್ದು. ಮೂವರು ಹೋದರು ಅಂತ ಗೊತ್ತಾದ ಮೇಲೆ ಕ್ಯಾಂಪಿನಲ್ಲಿ ಉಳಿದವರು ಶಿಕ್ಷೆ ಅನುಭವಿಸಿದರು. ಆಮೇಲೆ ಎಲ್ಲರನ್ನೂ ಲಯಾಲ್‌ಪುರದ ಜೈಲಿಗೆ ಸಾಗಿಸಿದರು, ಈಗಿನ ಫೈಸಲಾಬಾದ್. ಗೋಡೆ ಕೆರೆಯುವಾಗ ಕಾವಲು ಕಾದವರು, ಗುಟ್ಟು ಬಿಡದವರು, ಅವರಿಗೂ ಈ ಕಥೆಯಲ್ಲಿ ಪಾಲಿದೆ.

ಮೂರನೆಯದು, ಎಲ್ಲರೂ ಕೇಳುವ ಪ್ರಶ್ನೆ. 1972ರ ಡಿಸೆಂಬರ್ 1ರಂದು ಇವರೆಲ್ಲ ವಾಘಾ ದಾಟಿ ಮನೆಗೆ ಬಂದರು. ನಾಲ್ಕು ತಿಂಗಳು ಸುಮ್ನಿದ್ದಿದ್ದರೆ ಆಗುತ್ತಿತ್ತಲ್ಲ ಅಂತ. ಆದರೆ ಬಿಡುಗಡೆ ಯಾವಾಗ ಅಂತ ಆ ಸೆಲ್‌ನಲ್ಲಿ ಯಾರಿಗೆ ಗೊತ್ತಿತ್ತು? ಯುದ್ಧ ಮುಗಿದು ಎಂಟು ತಿಂಗಳಾಗಿತ್ತು.

ನಾಲ್ಕು ಮತ್ತು ಐದು ಬಿಟ್ಟುಬಿಡುತ್ತೇನೆ. ಬದಲಿಗೆ ನನ್ನದೊಂದು ಮಾತು ಇದೆ.

ನಮ್ಮ ಅಪ್ಪ ಏರ್‌ಫೋರ್ಸ್‌ನಲ್ಲಿ ಏರ್‌ಮನ್ ಆಗಿದ್ದರು, ಇಂಜಿನ್ ಕೆಲಸ. 71ರಲ್ಲಿ ರಾತ್ರಿಯೆಲ್ಲ ವಿಮಾನ ರಿಪೇರಿ ಮಾಡಿ ಬೆಳಗ್ಗೆ ಕಳಿಸುತ್ತಿದ್ದರು. ಎಷ್ಟು ವಾಪಸ್ ಬಂದವು, ಯಾರು ಬರಲಿಲ್ಲ, ಒಂದೂ ಹೇಳಲಿಲ್ಲ. ನಾವು ಕೇಳಿದಾಗಲೆಲ್ಲ, ಅದೇನು ದೊಡ್ಡ ವಿಷಯ ಬಿಡು ಅನ್ನುತ್ತಿದ್ದರು. ನಾವೂ ಬಿಟ್ಟೆವು. ಈಗ ಅವರಿಲ್ಲ. ಟ್ರಂಕಿನಲ್ಲಿ ಒಂದು ಟೂಲ್ ಪೌಚ್ ಇದೆ, ಅದರಲ್ಲಿ ನಾಲ್ಕು ಸ್ಪ್ಯಾನರ್. ಅವು ಯಾವ ವಿಮಾನಕ್ಕೆ ಹಾಕಿದವು ಅಂತ ನನಗೆ ಯಾರು ಹೇಳುತ್ತಾರೆ? ಪರುಳ್ಕರ್ ಅವರ ಕಥೆ ಕೇಳಿದಾಗಲೆಲ್ಲ ನನಗೆ ಆ ಸ್ಪ್ಯಾನರ್ ನೆನಪಾಗುತ್ತವೆ.

ಮೂರನೇ ಸಾಲಿನಲ್ಲಿ ಒಬ್ಬರು ಹಿರಿಯರು ಕೂತಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಜಾಲಹಳ್ಳಿಯಿಂದ ಎರಡು ಬಸ್ ಬದಲಾಯಿಸಿಕೊಂಡು ಬಂದಿದ್ದಾರೆ. 71ರಲ್ಲಿ ಅಪ್ಪನ ಜೊತೆ ಅದೇ ಹ್ಯಾಂಗರ್‌ನಲ್ಲಿ ಇದ್ದವರು. ಟೀ ಕುಡಿಯುವಾಗ ಮಾತು ಶುರು ಮಾಡಿ, ಅದೇನು ದೊಡ್ಡ ವಿಷಯ ಬಿಡಿ ಅಂತ ಅರ್ಧಕ್ಕೆ ನಿಲ್ಲಿಸಿಬಿಟ್ಟರು. ನನ್ನದು ಇನ್ನೂ ಆರು ನಿಮಿಷ ಬಾಕಿ ಇದೆ. ಬನ್ನಿ ಅಂಕಲ್, ಮೆಟ್ಟಿಲು ನಿಧಾನವಾಗಿ ಹತ್ತಿ. ಆ ರಾತ್ರಿ ಮೂರನೇ ವಿಮಾನದ್ದು ಏನಾಯಿತು, ಅಲ್ಲಿಂದಲೇ ಶುರು ಮಾಡಿ.