ಬೇರೆ ಕಾರಿನ ಶಾಕಪ್: ಕೂತರೆ ಸಾಲದು, ಹೊಂದಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಗ್ಯಾರೇಜ್ ನಡೆಸುವವರಿದ್ದೀರಿ, ಹಳೇ ಗಾಡಿ ಜೋಪಾನ ಮಾಡಿಕೊಂಡು ಬಂದವರಿದ್ದೀರಿ, ಪಾಲಿಟೆಕ್ನಿಕ್ ಓದುವವರೂ ಇದ್ದೀರಿ. ಹಾಗಾಗಿ ಸೂತ್ರ ಕಡಿಮೆ, ಅಳತೆ ಜಾಸ್ತಿ ಇಟ್ಟುಕೊಂಡು ಮಾತಾಡುತ್ತೇನೆ.

"ಅಣ್ಣಾ, ಈ ಗಾಡಿಗೆ ಆ ಗಾಡಿ ಶಾಕಪ್ ಕೂರುತ್ತಾ?" ಈ ಪ್ರಶ್ನೆ ಬರದ ಗ್ಯಾರೇಜ್ ಇಲ್ಲ. ಶಾಕಪ್ ಅಂದರೆ ಶಾಕ್ ಅಬ್ಸಾರ್ಬರ್. ಕೇಳುವವರಿಗೆ ಕಾರಣವೂ ಇರುತ್ತದೆ. ಕಾಂಟೆಸಾ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಬೇಕಾದ ಸಾಮಾನು ಸಿಗದೆ ಕೊನೆಗೆ ಶಿವಾಜಿನಗರದ ಗುಜರಿಗೆ ಹೋಗುವವರು ಆಸೆಗೆ ಬಿದ್ದು ಹೋಗುವುದಿಲ್ಲ, ಗಾಡಿ ಉಳಿಯಲಿ ಅಂತ ಹೋಗುತ್ತಾರೆ. ಅವರಿಗೆ ಸುಮ್ನೆ "ಹಾಕಬೇಡಿ" ಅಂದುಬಿಡುವುದು ಸುಲಭ, ಆದರೆ ಅದರಿಂದ ಗಾಡಿ ಓಡುವುದಿಲ್ಲ. ಯಾವ ಗಾಡಿಗೆ ಹಾಕಬಹುದು, ಯಾವುದಕ್ಕೆ ಕೈ ಹಾಕಲೇಬಾರದು, ಅದನ್ನು ಅಳೆದು ಕಂಡುಕೊಳ್ಳುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕಪ್ ಅಲ್ಲ. ಗಾಡಿ ಹಿಂದೆ ಕುಗ್ಗಿದೆ, ಗಟ್ಟಿ ಶಾಕಪ್ ಹಾಕಿದರೆ ಏಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಏಳುವುದಿಲ್ಲ. ಒಳಗೆ ಗ್ಯಾಸ್ ಒತ್ತಡ ಇರುವ ಶಾಕಪ್ ಒಂಚೂರು ಎತ್ತಬಹುದು, ಅಷ್ಟೇ. ಗುಂಡಿಗೆ ಬಿದ್ದ ಸ್ಪ್ರಿಂಗ್ ಒತ್ತಿಕೊಂಡು, ಮತ್ತೆ ಚಿಮ್ಮಿ, ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದಂತೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಶಾಕಪ್ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ತಳ್ಳುತ್ತದೆ, ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಕಲ್ಲು ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ಎಷ್ಟು ವೇಗವಾಗಿ ಒತ್ತುತ್ತೇವೋ ಅಷ್ಟು ಬಿಗಿ ಅದು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಹೋಗುತ್ತದೆ, ಜೋರಾಗಿ ಒತ್ತಿದರೆ ಕೈಗೆ ತಡೆಯುತ್ತದೆ ಅಲ್ವಾ, ಹಾಗೆ. ಗುಜರಿಯಲ್ಲಿ ಎರಡು ಶಾಕಪ್ ಕೈಯಲ್ಲಿ ಒತ್ತಿ ನೋಡಿ "ಎರಡೂ ಒಂದೇ ಬಿಗಿ" ಅಂತ ತರುವ ಅಭ್ಯಾಸ ಇದಕ್ಕೇ ಕೆಲಸಕ್ಕೆ ಬರುವುದಿಲ್ಲ. ನಮ್ಮ ಕೈ ಒತ್ತುವುದು ಬಹಳ ನಿಧಾನ. ಗಾಡಿ ತಿರುವಿನಲ್ಲಿ ವಾಲುವಾಗ ಪಿಸ್ಟನ್ ಹೆಚ್ಚುಕಮ್ಮಿ ಆ ವೇಗದಲ್ಲೇ ಚಲಿಸುತ್ತದೆ. ಆದರೆ ಗುಂಡಿಗೆ ಬಿದ್ದಾಗ ವೇಗ ಹತ್ತಾರು ಪಟ್ಟು ಏರಿ ಸೆಕೆಂಡಿಗೆ ಒಂದು ಮೀಟರ್ ದಾಟಬಹುದು. ಆ ವೇಗದಲ್ಲಿ ಒಳಗಿನ ಬೇರೆ ವಾಲ್ವ್‌ಗಳು ತೆರೆದುಕೊಳ್ಳುತ್ತವೆ. ಅವು ಹೇಗಿವೆ ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಕೈ ಪರೀಕ್ಷೆಯಿಂದ ಗೊತ್ತಾಗುವುದು ಒಂದೇ: ಶಾಕಪ್ ಪೂರ್ತಿ ಸತ್ತಿದೆಯೋ ಇಲ್ಲವೋ.

ಇನ್ನೊಂದು. ಶಾಕಪ್ ಒತ್ತುವಾಗ ಮೆತ್ತಗೆ, ಎಳೆಯುವಾಗ ಬಿಗಿಯಾಗಿ ಇರುವಂತೆ ಮಾಡಿರುತ್ತಾರೆ. ಆ ಎಳೆತದ ಬಿಗಿಯನ್ನು ಆ ಗಾಡಿಯ ಸ್ಪ್ರಿಂಗ್ ಮತ್ತು ತೂಕ ಎರಡನ್ನೂ ನೋಡಿ ಹೊಂದಿಸಿರುತ್ತಾರೆ. ತೂಕ ಅಷ್ಟೇ ಇದ್ದು ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಶಾಕಪ್ ಬಿಗಿ ಸುಮಾರು 1.4 ಪಟ್ಟು ಬೇಕು. ಭಾರದ ಗಾಡಿಯ ಶಾಕಪ್ ತಂದು ಹಗುರ ಗಾಡಿಗೆ ಹಾಕಿದರೆ ಏನಾಗುತ್ತದೆ ನೋಡಿ. ಒಂದರ ಹಿಂದೆ ಒಂದು ಹಂಪ್ ಬಂದಾಗ, ಮೊದಲ ಹಂಪಿನಲ್ಲಿ ಒತ್ತಿದ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಹೀಗೆ ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಕೂರುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪಿನ, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರಿನ, ಮೇಲೇ ಓಡುತ್ತದೆ. ಓಡಿಸುವವರು "ಗಟ್ಟಿಯಾಯ್ತು, ಚೆನ್ನಾಗಿದೆ" ಅಂದುಕೊಳ್ಳುತ್ತಾರೆ. ಆದರೆ ಟೈರ್ ನೆಲ ಬಿಟ್ಟಿರುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕ್ ಹಿಡಿಯುವುದಿಲ್ಲ. ನನಗೆ ಇದರಲ್ಲಿ ಆತಂಕ ಇರುವುದು ಆರಾಮದ ಬಗ್ಗೆ ಅಲ್ಲ, ಬ್ರೇಕ್ ಬಗ್ಗೆ.

ಇನ್ನು ಜಾಗದ ವಿಚಾರ. ಒಂದೇ ಶಾಕಪ್ ಎರಡು ಗಾಡಿಯಲ್ಲಿ ಎರಡು ಥರ ಕೆಲಸ ಮಾಡುತ್ತದೆ. ಚಕ್ರ 10 ಸೆಂಟಿಮೀಟರ್ ಮೇಲೆ ಹೋದಾಗ ಒಂದು ಗಾಡಿಯಲ್ಲಿ ಶಾಕಪ್ 9.5 ಸೆಂಟಿಮೀಟರ್ ಒತ್ತುತ್ತದೆ ಅನ್ನಿ. ಇನ್ನೊಂದರಲ್ಲಿ ಅದನ್ನು ಆರ್ಮಿನ (ಚಕ್ರವನ್ನು ಗಾಡಿಗೆ ಸೇರಿಸುವ ತೋಳಿನ) ನಡುವೆ ಓರೆಯಾಗಿ ಕೂರಿಸಿದ್ದಾರೆ, 7 ಸೆಂಟಿಮೀಟರ್ ಮಾತ್ರ ಒತ್ತುತ್ತದೆ. ಚಕ್ರದ ಹತ್ತಿರ ಸಿಗುವ ಬಿಗಿ ಈ ಅನುಪಾತದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಮೊದಲನೆಯದರಲ್ಲಿ ಶೇ 90, ಎರಡನೆಯದರಲ್ಲಿ ಶೇ 49. ಸಾಮಾನು ಅದೇ, ಕೆಲಸ ಹೆಚ್ಚುಕಮ್ಮಿ ಅರ್ಧ. ಎರಡೂ ಗಾಡಿಯ ತೂಕ ಒಂದೇ, ಹಾಗಾಗಿ ಶಾಕಪ್ಪೂ ನಡೆಯುತ್ತದೆ ಅನ್ನುವ ಲೆಕ್ಕ ತಪ್ಪುವುದು ಇಲ್ಲಿ.

ಈಗ ಉದ್ದಕ್ಕೆ ಬರೋಣ. ಎಲ್ಲಕ್ಕಿಂತ ಜಾಸ್ತಿ ಹಾಳಾಗುವುದು ಇದರಲ್ಲೇ. ಇದಕ್ಕೆ ಮಾರುತಿ ಜಿಪ್ಸಿಯನ್ನೇ ತೆಗೆದುಕೊಳ್ಳೋಣ. 1985ರಿಂದ ಬಂದ ಗಾಡಿ, ಮಲೆನಾಡಿನ ಎಸ್ಟೇಟುಗಳಲ್ಲಿ ಇವತ್ತಿಗೂ ಓಡುತ್ತಿದೆ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಎಕ್ಸೆಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಶಾಕಪ್ ಸ್ಪ್ರಿಂಗಿನಿಂದ ಬೇರೆಯಾಗಿ, ಚಾಸಿಗೂ ಎಕ್ಸೆಲಿಗೂ ನಡುವೆ ಇರುತ್ತದೆ. ಬಿಚ್ಚಿದರೂ ಗಾಡಿ ನಿಂತಿರುತ್ತದೆ, ಚಕ್ರದ ಕೋನ ಬದಲಾಗುವುದಿಲ್ಲ. ಬೇರೆ ಗಾಡಿಯ ಶಾಕಪ್ ಹಾಕಲು ಇಂಥ ಗಾಡಿಯೇ ಸರಿ.

ಕಂಪನಿಯಿಂದ ಬಂದಾಗ ಜಿಪ್ಸಿಯ ಸ್ಪ್ರಿಂಗ್ ಎಕ್ಸೆಲ್ ಕೆಳಗಿರುತ್ತದೆ. ಗಾಡಿ ಎತ್ತರ ಆಗಲಿ ಅಂತ ಅದನ್ನು ಎಕ್ಸೆಲ್ ಮೇಲೆ ಕೂರಿಸುತ್ತಾರೆ. ಆಗ ಹಳೇ ಶಾಕಪ್ ಗಿಡ್ಡವಾಗಿ, ಯಾವುದೋ ದೊಡ್ಡ ಗಾಡಿಯ ಉದ್ದ ಶಾಕಪ್ ಹುಡುಕುತ್ತಾರೆ. ತಂದು, ಮೇಲಿನ ತುದಿ ಸಿಕ್ಕಿಸಿ, ಕೆಳಗಿನ ಬೋಲ್ಟ್ ಹಾಕಿದರೆ ಕೂತೇ ಬಿಡುತ್ತದೆ. ಎಲ್ಲರಿಗೂ ಖುಷಿ. ಆದರೆ ಅಳೆಯಬೇಕಾದ್ದು ಗಾಡಿ ನಿಂತಾಗಿನ ಉದ್ದವನ್ನಲ್ಲ, ಎರಡು ಕೊನೆಗಳನ್ನು.

ಹಳೇ ಶಾಕಪ್ ಬಿಚ್ಚಿಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಎಕ್ಸೆಲ್ ಪೂರ್ತಿ ಜೋತು ಬೀಳಲು ಬಿಡಿ. ಬ್ರೇಕ್ ಹೋಸ್ ಎಳೆಯುತ್ತಿಲ್ಲ ತಾನೇ, ನೋಡಿಕೊಳ್ಳಿ. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅಳೆಯಿರಿ. 480 ಮಿಲಿಮೀಟರ್ ಬಂತು ಅನ್ನಿ. ಆಮೇಲೆ ಎಕ್ಸೆಲ್ ಕೆಳಗೆ ಜಾಕಿ ಕೊಟ್ಟು, ಬಂಪ್ ಸ್ಟಾಪ್ ರಬ್ಬರ್ ಚೆನ್ನಾಗಿ ಒತ್ತಿಕೊಳ್ಳುವವರೆಗೆ ಏರಿಸಿ ಮತ್ತೆ ಅಳೆಯಿರಿ. 320 ಬಂತು ಅನ್ನಿ. ನಿಮಗೆ ಬೇಕಾದ ಶಾಕಪ್ 480 ದಾಟಿ ಬಿಚ್ಚಿಕೊಳ್ಳಬೇಕು, 320ಕ್ಕಿಂತ ಕಡಿಮೆಗೆ, ಒಂದು 300ಕ್ಕೆ, ಮುಚ್ಚಿಕೊಳ್ಳಬೇಕು. ಎರಡೂ ಕಡೆ 15ರಿಂದ 20 ಮಿಲಿಮೀಟರ್ ಜಾಗ ಉಳಿಯಬೇಕು.

ಇಲ್ಲೊಂದು ಸಿಕ್ಕು ಇದೆ. ಶಾಕಪ್ ಮುಚ್ಚಿಕೊಂಡಾಗಿನ ಉದ್ದ ಅಂದರೆ ಅದರ ಓಟ (ರಾಡ್ ಒಳಹೊರಗೆ ಸರಿಯುವ ದೂರ), ಜೊತೆಗೆ ವಾಲ್ವ್, ಸೀಲ್, ಎರಡು ತುದಿಯಲ್ಲಿ ಬೋಲ್ಟ್ ಕೂರುವ ಕಣ್ಣುಗಳು ತಿನ್ನುವ ಜಾಗ. ಆ ಜಾಗ 120 ಮಿಲಿಮೀಟರ್, ಓಟ 180 ಅಂದುಕೊಳ್ಳಿ. ಮುಚ್ಚಿದಾಗ 300, ಬಿಚ್ಚಿದಾಗ 480. ಬಿಚ್ಚಿದ ಉದ್ದದಲ್ಲಿ ಓಟ ಎರಡು ಸಲ ಲೆಕ್ಕಕ್ಕೆ ಬಂತು, ಗಮನಿಸಿ. ಹಾಗಾಗಿ ಬಿಚ್ಚಿದಾಗ 50 ಮಿಲಿಮೀಟರ್ ಹೆಚ್ಚು ಉದ್ದ ಬರುವ ಶಾಕಪ್ ತಂದರೆ ಅದು 25 ಮಿಲಿಮೀಟರ್ ಮೊದಲೇ ಮುಚ್ಚಿಹೋಗುತ್ತದೆ. ನಮ್ಮ ಗಾಡಿಯಲ್ಲಿ 325ಕ್ಕೆ ತಳ ಮುಟ್ಟಿತು. ಬಂಪ್ ಸ್ಟಾಪ್ ಪೂರ್ತಿ ಒತ್ತುವುದು 320ಕ್ಕೆ. ಅಂದರೆ ಬಂಪ್ ಸ್ಟಾಪ್ ತನ್ನ ಕೆಲಸ ಮುಗಿಸುವ ಮೊದಲೇ ಶಾಕಪ್ಪಿನ ತಳ ಏಟು ತಿನ್ನುತ್ತದೆ. ಶಾಕಪ್ಪಿನ ಮೇಲಿನ ತುದಿ ಹಿಡಿಯಲು ಚಾಸಿಗೆ ಬೆಸೆದ ಬ್ರಾಕೆಟ್ ಶಾಕಪ್ಪಿನ ಎಳೆತ ತಡೆಯಲು ಮಾಡಿದ್ದು, ಗಾಡಿಯ ಹೊಡೆತ ತಡೆಯಲು ಅಲ್ಲ. ಬ್ರಾಕೆಟ್ ಬಿರುಕು ಬಿಟ್ಟಾಗ "ಕಬ್ಬಿಣ ಸರಿಯಿಲ್ಲ" ಅನ್ನುತ್ತಾರೆ. ಕಬ್ಬಿಣದ್ದು ತಪ್ಪೇನೂ ಇಲ್ಲ.

ಗಿಡ್ಡ ಶಾಕಪ್ಪಿನದು ಇದರ ಉಲ್ಟಾ. ಚಕ್ರ ಗುಂಡಿಗೆ ಇಳಿಯುವಾಗ ಎಕ್ಸೆಲಿನ ಭಾರವೆಲ್ಲ ಶಾಕಪ್ ಮೇಲೆ ಜೋತು ಬೀಳುತ್ತದೆ. ಕಣ್ಣು ಕಿತ್ತು ಬರುತ್ತದೆ, ಇಲ್ಲ ಒಳಗಿನ ನಟ್ ಬಿಟ್ಟುಕೊಳ್ಳುತ್ತದೆ.

ಬೋಲ್ಟಿನ ಸೈಜ್ ಚಿಕ್ಕ ವಿಷಯ ಅನ್ನಿಸಬಹುದು. ಗಾಡಿಯ ಬೋಲ್ಟ್ 12 ಮಿಲಿಮೀಟರ್, ತಂದ ಶಾಕಪ್ಪಿನ ಬುಷ್ 14. ಆ 2 ಮಿಲಿಮೀಟರ್ ಸಡಿಲಕ್ಕೆ ತಗಡು ಸುತ್ತಿ ಬಡಿದು ಕೂರಿಸುವುದನ್ನು ನೀವೂ ನೋಡಿರುತ್ತೀರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಗಡು ಸವೆದು ಟಕ್ ಟಕ್ ಶುರು. ಆ ಟಕ್ ಅನ್ನುವ ಸಡಿಲದಲ್ಲಿ ಶಾಕಪ್ ಏನೂ ಮಾಡುತ್ತಿರುವುದಿಲ್ಲ. ಲೇತ್‌ನವರ ಹತ್ತಿರ ಹೋದರೆ ಒಳಗೆ 12, ಹೊರಗೆ 14ರ ಕಬ್ಬಿಣದ ಸ್ಲೀವ್ ಸ್ವಲ್ಪ ಹೊತ್ತಿನಲ್ಲಿ ಮಾಡಿಕೊಡುತ್ತಾರೆ. ಅದಕ್ಕೆ ಕಂಜೂಸ್ ಮಾಡಬೇಡಿ. ರಬ್ಬರ್ ಬುಷ್ ಬೋಲ್ಟನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೇ ಪೂರ್ತಿ ಟೈಟ್ ಮಾಡಿ. ಜಾಕಿ ಮೇಲಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈಗ ಕೈ ಹಾಕಬಾರದ ಗಾಡಿಗಳು. 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ಇವತ್ತಿನ ಸಣ್ಣ ಕಾರುಗಳವರೆಗೆ ಮುಂದಿನ ಚಕ್ರಕ್ಕೆ ಇರುವುದು ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್. ಫೋರ್ಡ್‌ನಲ್ಲಿದ್ದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರ್ ರೂಪಿಸಿದ್ದು. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂತು. ಇದರಲ್ಲಿ ಶಾಕಪ್ ಬರೀ ಶಾಕಪ್ ಅಲ್ಲ. ಸ್ಪ್ರಿಂಗ್ ಅದರ ಮೇಲೇ ಕೂತಿರುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಅದೂ ತಿರುಗುತ್ತದೆ, ಚಕ್ರವನ್ನು ನೆಟ್ಟಗೆ ಹಿಡಿದಿರುವುದೂ ಅದೇ. ಸಾಮಾನ್ಯ ಶಾಕಪ್ಪಿನ ರಾಡ್ ಸುಮಾರು 12 ಮಿಲಿಮೀಟರ್ ದಪ್ಪ ಇದ್ದರೆ ಸ್ಟ್ರಟ್ಟಿನದು 20ರ ಆಸುಪಾಸು. ಪಕ್ಕದಿಂದ ಬೀಳುವ ಹೊರೆ ತಡೆಯಲು ಅಷ್ಟು ದಪ್ಪ ಬೇಕೇ ಬೇಕು.

ಸ್ಟ್ರಟ್ಟನ್ನು ಚಕ್ರ ಕೂರುವ ಲೋಹದ ತುಂಡಾದ ನಕಲ್‌ಗೆ ಹಿಡಿಯುವುದು ಸಾಮಾನ್ಯವಾಗಿ ಎರಡು ಬೋಲ್ಟ್. ಎರಡರ ನಡುವೆ ಒಂದು 55 ಮಿಲಿಮೀಟರ್ ಅಂತರ. ಬೇರೆ ಮಾಡೆಲ್ಲಿನ ಸ್ಟ್ರಟ್ಟಿನಲ್ಲಿ ತೂತು ಸರಿಯಾಗಿ ಬರದಿದ್ದರೆ ಫೈಲ್ ಹಾಕಿ ಉಜ್ಜಿ ಹೊಂದಿಸುತ್ತಾರೆ. ಒಂದು ತೂತು ಬರೀ 1 ಮಿಲಿಮೀಟರ್ ಆಚೀಚೆಯಾದರೆ ಚಕ್ರ ಸುಮಾರು 1 ಡಿಗ್ರಿ ವಾಲುತ್ತದೆ. ಟೈರಿನ ಒಂದು ಅಂಚು ಸವೆಯಲು, ಗಾಡಿ ಒಂದು ಕಡೆ ಎಳೆಯಲು ಅಷ್ಟು ಸಾಕು. ಅದರ ಮೇಲೆ ಸ್ಪ್ರಿಂಗ್ ಕೂರುವ ತಟ್ಟೆಯ ಎತ್ತರ ಬೇರೆ, ಬ್ರೇಕ್ ಹೋಸ್ ಸಿಕ್ಕಿಸುವ ಜಾಗ ಬೇರೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವೈರಿನ ಕ್ಲಿಪ್ ಬೇರೆ. ಕ್ಲಿಪ್ ಇಲ್ಲದ ವೈರ್ ಟೈರಿಗೆ ಉಜ್ಜಿ ಕತ್ತರಿಸಿಕೊಂಡರೆ ಎಬಿಎಸ್ ಕೈ ಕೊಡುತ್ತದೆ. ಸ್ಟ್ರಟ್ ಇರುವ ಕಡೆ ಬೇರೆ ಕಾರಿನ ಸಾಮಾನು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಳೇ ಗಾಡಿ ಅಂದ ಮಾತ್ರಕ್ಕೆ ಸುಲಭ ಅಂತಲೂ ಅಲ್ಲ. ಬ್ರಿಟನ್ನಿನ ಮೊರಿಸ್ ಮೈನರ್ 1948ರ ಕಾರು. ಅದರ ಮುಂದಿನ ಶಾಕಪ್ ಸನ್ನೆಯ ಥರದ್ದು, ಆ ಸನ್ನೆಯೇ ಸಸ್ಪೆನ್ಷನ್ನಿನ ಮೇಲಿನ ಆರ್ಮ್. ಅದಕ್ಕೆ ಈಗಿನ ಕೊಳವೆ ಥರದ ಶಾಕಪ್ ಹಾಕುವವರು ಹಳೆಯದನ್ನು ಕಿತ್ತು ಎಸೆಯುವಂತಿಲ್ಲ, ಆರ್ಮ್ ಆಗಿ ಅದು ಅಲ್ಲೇ ಇರಲೇಬೇಕು. ಬಿಚ್ಚುವ ಮೊದಲು ಈ ಸಾಮಾನು ಇನ್ನೇನು ಕೆಲಸ ಮಾಡುತ್ತಿದೆ ಅಂತ ನೋಡಬೇಕು.

ಒಂದೇ ಕಂಪನಿಯ, ಒಂದೇ ಪ್ಲಾಟ್‌ಫಾರ್ಮಿನ ಕಾರುಗಳಾದರೆ? ಸ್ವಿಫ್ಟ್ ಆಧಾರದ ಮೇಲೆ 2008ರಲ್ಲಿ ಡಿಸೈರ್ ಬಂತು ಅಲ್ವಾ, ಅಂಥವು. ಬೋಲ್ಟ್ ಕೂರುವ ಸಂಭವ ಜಾಸ್ತಿ. ಆದರೂ ಡಿಕ್ಕಿಯ ಭಾರ, ಡೀಸೆಲ್ ಎಂಜಿನ್ನಿನ ಭಾರ ನೋಡಿಕೊಂಡು ಸ್ಪ್ರಿಂಗ್, ಶಾಕಪ್ ಬದಲಾಯಿಸುವುದು ಕಾರು ಕಂಪನಿಗಳ ರೂಢಿ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಡಿಕ್ಕಿಯಲ್ಲೋ ಸರ್ವಿಸ್ ಪುಸ್ತಕದಲ್ಲೋ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವ ಕೋಡ್ ನೋಡಿಯೇ ಸರಿಯಾದ ಸ್ಪ್ರಿಂಗ್, ಶಾಕಪ್ ಆರಿಸಬೇಕು. ಒಂದೇ ಮಾಡೆಲ್ಲಿನ ಎರಡು ಕಾರಿಗೆ ಬೇರೆ ಬೇರೆ ಇರಬಹುದು. ಹಾಗಾಗಿ ಕೌಂಟರಿನಲ್ಲಿ ಮಾಡೆಲ್ ಹೆಸರು ಹೇಳಿ ಸುಮ್ಮನಾಗಬೇಡಿ. ಪಾರ್ಟ್ ನಂಬರ್ ಹೋಲಿಸಿ. ನಂಬರ್ ಒಂದೇ ಆದರೆ ಯೋಚನೆ ಬೇಡ. ಬೇರೆಯಾದರೆ ಏನೋ ಕಾರಣ ಇದೆ ಅಂತಲೇ ಇಟ್ಟುಕೊಳ್ಳಿ.

ಕಾನೂನಿನ ಬಗ್ಗೆ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಗಾಡಿಯನ್ನು ಎತ್ತರಿಸುವ ಕೆಲಸ ಮಾಡಿಸುವವರು ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಹಾಕುವಾಗ ಒಂದು ಕಡೆ ಮಾತ್ರ ಹಾಕಬೇಡಿ, ಎಡಬಲ ಜೋಡಿಯಾಗಿಯೇ ಹಾಕಿ. ಗುಜರಿಯಲ್ಲಿ ಮಲಗಿದ್ದ ಶಾಕಪ್ಪಿನ ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ರಾಡ್ ತಿರುಗದಿರಲಿ ಅಂತ ಕಟಿಂಗ್ ಪ್ಲೇಯರಿನಲ್ಲಿ ಹಿಡಿಯಬೇಡಿ. ಅಲ್ಲಿ ಬಿದ್ದ ಗೀರು ಸೀಲನ್ನು ಕತ್ತರಿಸಿ ಎಣ್ಣೆ ಸೋರುತ್ತದೆ. ಕಪ್ಪು ಪೇಂಟ್ ಹೊಡೆದು ಹೊಸದರ ಹಾಗೆ ಮಿಂಚುವ ಹಳೇ ಶಾಕಪ್ ಕಂಡರೆ, ರಾಡ್ ಪೂರ್ತಿ ಎಳೆದು ಬೆಳಕಿನಲ್ಲಿ ತಿರುಗಿಸಿ ನೋಡಿ. ಪೇಂಟ್ ಹೊರಗಿನದನ್ನು ಮುಚ್ಚುತ್ತದೆ, ರಾಡಿನ ಮೇಲಿನ ತುಕ್ಕಿನ ಚುಕ್ಕಿಯನ್ನು ಮುಚ್ಚಲಾರದು.

ಕೊನೆಗೆ, ಹಾಕಿದ ಮೇಲೆ ಸರಿಯಾಯಿತೋ ಇಲ್ಲವೋ ನೋಡುವ ದಾರಿ. ರಾಡ್ ಕಾಣುವಂತಿದ್ದರೆ ಅದರ ಸುತ್ತ, ಸೀಲಿಗೆ ತಾಗುವಂತೆ, ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಮೆಲ್ಲಗೆ ಬಿಗಿಯಿರಿ. ಗಾಡಿಯಲ್ಲಿ ಎಂದಿನಷ್ಟು ಜನ, ಎಂದಿನಷ್ಟು ಸಾಮಾನು ತುಂಬಿ ನೀವು ದಿನಾ ಓಡಾಡುವ ಕೆಟ್ಟ ರಸ್ತೆಯಲ್ಲೇ ಹೋಗಿ ಬನ್ನಿ. ಶಾಕಪ್ ಎಷ್ಟು ಒತ್ತಿತೋ ಅಷ್ಟು ದೂರ ಟೈ ಜರುಗಿರುತ್ತದೆ. ಟೈ ರಾಡಿನ ಕೊನೆಯವರೆಗೆ ಹೋಗಿದ್ದರೆ ಶಾಕಪ್ ತಳ ಮುಟ್ಟಿದೆ. ಅವತ್ತೇ ಬಿಚ್ಚಿ, ಬೇರೆ ಉದ್ದದ್ದು ನೋಡಿ. 20 ಮಿಲಿಮೀಟರ್ ಉಳಿದಿದ್ದರೆ ಟೈ ಕತ್ತರಿಸಿ ತೆಗೆದು, ಬೋಲ್ಟುಗಳನ್ನು ಇನ್ನೊಂದು ಸಲ ಟೈಟ್ ಮಾಡಿ ಓಡಿಸಿ. ನಿಮ್ಮ ಗಾಡಿಯ ಅಳತೆ ಬರೆದು ತಂದವರು ಮುಂದೆ ಬನ್ನಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ.